ಗುರುವಾರದ ಪದಗಳು

ಆರ್ಕಾದಿ ಸತ್ತ ಸುದ್ದಿ ಬಂದದ್ದು ನವೆಂಬರಿನಲ್ಲಿ. ಉತ್ತರ ರಷ್ಯಾದ ಆ ಊರಿನ ದ್ವಿನಾ ನದಿ ಆಗಿನ್ನೂ ಪೂರ್ತಿ ಹೆಪ್ಪುಗಟ್ಟಿರಲಿಲ್ಲ. ಅವನು ಕೆಲಸ ಮಾಡುತ್ತಿದ್ದ ಹಡಗಿನ ಆಫೀಸಿನಿಂದ ಯಾರೋ ಹೆಂಗಸು ಫೋನು ಮಾಡಿ, ಮಾತಾಡುತ್ತಿರುವುದು ಅವನ ಹೆಂಡತಿ ರಿಮ್ಮಾ ಗ್ಲೆಬೊವ್ನಾ ತಾನೇ ಎಂದು ಖಚಿತ ಮಾಡಿಕೊಂಡು ವಿಷಯ ತಿಳಿಸಿದಳು. ನಡು ಸಮುದ್ರದಲ್ಲಿ, ಇಂಜಿನ್ ಕೋಣೆಯ ಏಣಿಯ ಬುಡದಲ್ಲಿ ಬಿದ್ದಿದ್ದನಂತೆ. ಹೃದಯ ನಿಂತುಹೋಗಿತ್ತಂತೆ. ರಿಮ್ಮಾ "ಸರಿ" ಅಂದಳು. "ತಿಳಿಸಿದ್ದು ಒಳ್ಳೇದಾಯ್ತು" ಅಂತಲೂ ಅಂದಳು. ಆಮೇಲೆ ಒಲೆಯ ಮೇಲಿದ್ದ ಆಲೂಗಡ್ಡೆಯ ಉರಿ ಸಣ್ಣಗೆ ಮಾಡಿ, ಪಕ್ಕದ ಕೋಣೆಯಲ್ಲಿ ಟೀವಿ ನೋಡುತ್ತಿದ್ದ ಅತ್ತೆಗೆ ಹೇಳಲು ಹೋದಳು.

ಅವನನ್ನು ಸತುವಿನ ಪೆಟ್ಟಿಗೆಯಲ್ಲಿಟ್ಟು ಬೆಸುಗೆ ಹಾಕಿ ಕಳಿಸಿದ್ದರು. ತೆರೆಯುವಂತಿರಲಿಲ್ಲ. ಒಳಗಿರುವುದು ಅವನೇ ಎಂದು ನಂಬಿ ಮಣ್ಣು ಮಾಡಿದರು. ಅತ್ತೆ ಜೋಯಾ ತಿಖೊನೊವ್ನಾ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವ ಹಾಗೆ, "ನಾನೇ ಕೊಂದೆ ಇವನನ್ನ" ಅಂದಳು. ನೆಂಟರು ಸಮಾಧಾನ ಮಾಡಿದರು. ದುಃಖದಲ್ಲಿ ಬಾಯಿಗೆ ಬಂದದ್ದು ಅಂದುಕೊಂಡರು. ಮುದುಕಿ ಮಾತ್ರ ಲೆಕ್ಕ ಹಾಕಿಯೇ ಹೇಳಿದ್ದಳು.

ಅವಳ ಲೆಕ್ಕ ಹೀಗಿತ್ತು. ಆರ್ಕಾದಿ ಸಣ್ಣವನಿದ್ದಾಗ ಚಳಿಗಾಲ ಬಂದರೆ ಸಾಕು, ಗಂಟಲು ಬಾತು ಜ್ವರದಲ್ಲಿ ಮಲಗುತ್ತಿದ್ದ. ಅಂಗೀನಾ. ಆ ಊರಿನಲ್ಲಿ ಅದು ಬಾರದ ಮಗುವಿಲ್ಲ. ಟಾನ್ಸಿಲ್ ತೆಗೆಸಿಬಿಡಿ ಎಂದು ಡಾಕ್ಟರು ಹೇಳಿದ್ದರು. ಅವಳು ಕರೆದುಕೊಂಡೂ ಹೋಗಿದ್ದಳು. ಕಾರಿಡಾರಿನಲ್ಲಿ ಕೂತಿದ್ದಾಗ ಒಳಗಿನಿಂದ ಬೇರೆ ಮಗುವಿನ ಕಿರುಚಾಟ ಕೇಳಿ, ಮಗನ ಕೈ ಹಿಡಿದು ಎದ್ದು ಬಂದಿದ್ದಳು. ಗಂಟಲಿನ ನಂಜು ಹೃದಯಕ್ಕಿಳಿಯುತ್ತದೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಸಾಯುವ ಮುಂಚೆ ಅವನಿಗೆ ಬಂದದ್ದೂ ಅಂಗೀನಾವೇ ಅಲ್ಲವೇ?

ಹೌದು, ಅವನು ಹಾಗೇ ಹೇಳಿದ್ದ. ಅಕ್ಟೋಬರಿನಲ್ಲಿ ಬ್ರೆಜಿಲ್‌ನ ಒಂದು ಬಂದರಿನಿಂದ ಫೋನು ಮಾಡಿದಾಗ ಎತ್ತಿದವಳು ರಿಮ್ಮಾ.

"ಗಂಟಲು ಹಿಡ್ಕೊಂಡಿದೆ ಮಾರಾಯ್ತಿ. ಇಲ್ಲಿ ಡಾಕ್ಟ್ರಿಗೆ ತೋರಿಸ್ದೆ. ಏನಂದ್ರು ಗೊತ್ತಾ? ಅಂಗೀನಾ ಅಂತೆ. ಈ ಸುಡುಬಿಸಿಲಲ್ಲಿ."

"ಐಸ್ ನೀರು ಕುಡಿದಿರ್ತೀಯ."

"ಕುಡ್ದೆ. ಮತ್ತಿನ್ನೇನು ಕುಡೀಲಿ ಇಲ್ಲಿ."

"ಬಿಸಿನೀರಿಗೆ ಉಪ್ಪು, ಸೋಡಾ ಹಾಕಿ ಬಾಯಿ ಮುಕ್ಕಳಿಸು. ಅಡುಗೆಯವನ ಹತ್ರ ಜೇನು ಇದ್ರೆ ಇಸ್ಕೋ. ಅಮ್ಮನಿಗೆ ಕೊಡ್ಲಾ?"

ಮುದುಕಿ ಫೋನು ಇಸಿದುಕೊಂಡು, ಶಾಲು ಸುತ್ತಿಕೋ ಎಂದು ಹೇಳಿದ್ದಳು. ಅಷ್ಟೇ ನಡೆದದ್ದು. ರಿಮ್ಮಾ ಮತ್ತೆ ತನ್ನ ಪಾಠದ ಹಾಳೆಗಳ ಮುಂದೆ ಕೂತಿದ್ದಳು.

ಅವಳು ಇಂಗ್ಲಿಷ್ ಟೀಚರು. ಪೇಟೆಯಲ್ಲಿ ಒಂದು ಬಣ್ಣದಂಗಡಿಯ ಮೇಲಿನ ಕೋಣೆಯಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಪಾಠ ಹೇಳುತ್ತಿದ್ದಳು. ವ್ಯಾಕರಣ ಹೇಗೋ ಮುಗಿಸಿದ್ದರೂ ಬಾಯಿ ತೆರೆಯಲು ಹೆದರುವವರು ಅಲ್ಲಿಗೆ ಬರುತ್ತಿದ್ದರು. ಮಂಗಳವಾರ ನುಡಿಗಟ್ಟುಗಳು, ಗುರುವಾರ ಮೋಸದ ಪದಗಳು. ಕೇಳಲು ರಷ್ಯನ್ನಿನ ಹಾಗೇ ಇದ್ದು, ಅರ್ಥ ಮಾತ್ರ ಬೇರೆ ಇರುವ ಪದಗಳಿಗೆ ಅವಳು ಇಟ್ಟಿದ್ದ ಹೆಸರು ಅದು. ಪಟ್ಟಿಯನ್ನು ಅವಳೇ ವರ್ಷಗಟ್ಟಲೆ ಕೂತು ಮಾಡಿದ್ದಳು.

ಮಣ್ಣು ಮಾಡಿದ ಮರುವಾರವೇ ಅವಳು ಪಾಠಕ್ಕೆ ಹೋದಳು. ಕೋಣೆಯೊಳಗೆ ಕಾಲಿಟ್ಟಾಗ ಎಲ್ಲರೂ ಎದ್ದು ನಿಂತರು. ಹೋಟೆಲಿನ ಕೌಂಟರಿನಲ್ಲಿ ಕೆಲಸ ಮಾಡುವ ಸ್ನೆಜಾನಾ ಎಂಬ ಹುಡುಗಿ, "ಈ ತಿಂಗಳು ಬಿಟ್ಬಿಡಿ ರಿಮ್ಮಾ ಗ್ಲೆಬೊವ್ನಾ, ನಮಗೇನೂ ಅವಸರ ಇಲ್ಲ" ಅಂದಳು.

"ನನಗೂ ಅವಸರ ಇಲ್ಲ. ಕೂತ್ಕೊಳ್ಳಿ."

ಅಂದಿನ ಹಾಳೆಯನ್ನು ಅವಳು ಮೊದಲೇ ನೋಡಿರಲಿಲ್ಲ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಓದುತ್ತಿದ್ದ ಸ್ನೆಜಾನಾಳ ದನಿ ಅಡಗಿತು. ಸಾಲಿನಲ್ಲಿದ್ದದ್ದು 'ಕಿಕ್ ದ ಬಕೆಟ್'. ಹುಡುಗಿ ಮುಂದಿನ ಸಾಲಿಗೆ ಹಾರಿದಳು.

"ಒಂದು ಬಿಟ್ರಿ" ಅಂದಳು ರಿಮ್ಮಾ. "ಬಕೆಟ್ ಒದೆಯೋದು ಅಂದ್ರೆ ಸಾಯೋದು. ಒರಟು ಮಾತು. ನಾವು ಗೊಟಕ್ ಅಂದ ಅಂತೀವಲ್ಲ, ಹಾಗೆ. ಸ್ನೇಹಿತರ ಮಧ್ಯೆ ಆಡಬಹುದು, ಸಾವಿನ ಮನೇಲಿ ಬೇಡ. ಬಕೆಟ್ ಯಾಕೆ ಅಂತ ಇಂಗ್ಲಿಷ್‌ನೋರಿಗೂ ಸರಿಯಾಗಿ ಗೊತ್ತಿಲ್ಲ. ಒಂದು ವಾಕ್ಯ ಮಾಡಿ."

ಯಾರೂ ಮಾಡಲಿಲ್ಲ. ಅವಳೇ ಒಂದು ವಾಕ್ಯ ಮಾಡಿ ಬೋರ್ಡಿನ ಮೇಲೆ ಬರೆದಳು. ನೆರೆಮನೆಯ ಮುದಿ ಬೆಕ್ಕು ಬಕೆಟ್ ಒದೆಯಿತು ಎಂದು. ಏನೂ ಅನ್ನಿಸಲಿಲ್ಲ. ಸೀಮೆಸುಣ್ಣ ಒದ್ದೆಯಾಗಿದೆ, ಸರಿಯಾಗಿ ಮೂಡುತ್ತಿಲ್ಲ ಎಂಬುದಷ್ಟೇ ಗಮನಕ್ಕೆ ಬಂತು.

ಸತ್ತ ನಲವತ್ತನೆಯ ದಿನ ಅವನ ನೆನಪಿಗೆ ಹಾಕಿದ ಊಟಕ್ಕೆ ಹಡಗಿನ ಅಡುಗೆಯವನು ಬಂದ. ವಿತೋಲ್ದ್ ಅಂತ, ಆರ್ಕಾದಿಯ ಗೆಳೆಯ. ಹಡಗು ಇಳಿದವನು ನೇರವಾಗಿ ಅಲ್ಲಿಗೇ ಬಂದಿದ್ದ. ಸತ್ತವನ ಬಟ್ಟೆಗಳ ಚೀಲವನ್ನು ಬಾಗಿಲ ಬಳಿ ಇಟ್ಟು, ಸತ್ತವರ ಹೆಸರಲ್ಲಿ ಬೇಯಿಸುವ, ಜೇನು ಹಾಕಿದ ಗೋಧಿಯನ್ನು ಮೂರು ಚಮಚ ತಿಂದು, ವೋಡ್ಕಾ ಕುಡಿದ. ಉಳಿದ ನೆಂಟರೆಲ್ಲ ಹೋದ ಮೇಲೆ ಅಡುಗೆಮನೆಯಲ್ಲಿ ಅವನ ಮುಂದೆ ಮೀನಿನ ಕಡುಬಿನ ತಟ್ಟೆಯಿಟ್ಟು ರಿಮ್ಮಾ ಕೂತಳು. ಮುದುಕಿ ಒಳಗೆ ಮಲಗಿದ್ದಳು.

"ಕೊನೇ ದಿನಗಳಲ್ಲಿ ಹೇಗಿದ್ದ?" ಎಂದು ಕೇಳಿದಳು. ಕೇಳಬೇಕಲ್ಲ ಎಂದು ಕೇಳಿದ್ದು.

"ಚೆನ್ನಾಗೇ ಇದ್ದ ಅತ್ತಿಗೆ. ಏಣಿ ಹತ್ತೋವಾಗ ಮಾತ್ರ ಯಾರೋ ಗಂಟಲು ಹಿಸುಕಿದ ಹಾಗಾಗುತ್ತೆ ಅಂತಿದ್ದ. ದವಡೆವರೆಗೂ ಎಳೆಯುತ್ತೆ ಅಂತಿದ್ದ. ನಿಂತು ಸುಧಾರಿಸ್ಕೊಂಡ್ರೆ ಸರಿಹೋಗ್ತಿತ್ತು. ನೀವು ಹೇಳಿದ ಹಾಗೆ ಉಪ್ಪು ಸೋಡಾ ನಾನೇ ಕಲಸಿ ಕೊಡ್ತಿದ್ದೆ, ದಿನಾ."

"ಜ್ವರ ಇತ್ತಾ?"

"ಇಲ್ಲಪ್ಪ. ಜ್ವರ ಇರ್ಲಿಲ್ಲ. ಅದಕ್ಕೇ ನಾವ್ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. ಆ ಡಾಕ್ಟ್ರು ಹಡಗು ಬಿಟ್ಟು ಇಲ್ಲೇ ಆಸ್ಪತ್ರೇಲಿರು ಅಂದ್ರಂತೆ. ಇವ್ನು ಬಿದ್ದು ಬಿದ್ದು ನಕ್ಕ. ಗಂಟಲು ನೋವಿಗೆ ಯಾರಾದ್ರೂ ಆಸ್ಪತ್ರೆ ಸೇರ್ತಾರೇನೋ, ಈ ಬಿಸಿಲು ದೇಶದೋರಿಗೆ ಸೀನು ಬಂದ್ರೂ ಭಯ ಅಂದ. ಕ್ಯಾಪ್ಟನ್‌ಗೂ ಗಂಟಲು ಅಂತಲೇ ಹೇಳಿದ. ಗುಳಿಗೆ ಕೊಟ್ಟಿದ್ರು, ನಾಲಗೆ ಕೆಳಗಿಟ್ಟು ಚೀಪೋದು. ನಂಗೂ ಒಂದಿನ ಗಂಟಲು ಕೆರೀತಿತ್ತು, ತಗೋ ನೀನೂ ಚೀಪು ಅಂತ ಒಂದು ಕೊಟ್ಟ. ಅಯ್ಯೋ, ತಲೆ ಸಿಡಿದುಹೋಯ್ತು ಅತ್ತಿಗೆ. ಗೋಡೆ ಹಿಡ್ಕೊಂಡು ಕೂತೆ. ಇದೆಂಥಾ ಗಂಟಲ ಗುಳಿಗೆಯೋ, ಗಂಟಲು ಬಿಟ್ಟು ತಲೆ ಹಿಡಿಯುತ್ತಲ್ಲ ಅಂದ್ರೆ, ಅದಕ್ಕೂ ನಕ್ಕ."

ರಿಮ್ಮಾ ಅವನ ಮುಂದಿನ ತಟ್ಟೆ ನೋಡುತ್ತಿದ್ದಳು.

"ಡಾಕ್ಟ್ರು ಯಾವ ಭಾಷೇಲಿ ಹೇಳಿದ್ದು?" ಎಂದು ಕೇಳಿದಳು.

"ಇಂಗ್ಲಿಷಲ್ಲೇ. ಅವ್ರ ಬಾಯಲ್ಲಿ ಅಂಗೀನಾ ಅನ್ನೋದೂ ಸೊಟ್ಟಗೆ ಬರುತ್ತೆ, ಅಂಜೀನಾ ಅಂತಾರೆ ಅಂತ ಆರ್ಕಾದಿ ಅಣಕಿಸ್ತಿದ್ದ. ಆದ್ರೂ ಇಂಗ್ಲಿಷಲ್ಲೂ ನಮ್ಮ ಪದಾನೇ ಇದೆಯಲ್ಲ, ಪರವಾಗಿಲ್ಲ, ಹೆಂಡ್ತಿಗೆ ಹೇಳ್ಬೇಕು ಅಂದಿದ್ದ."

"ಇನ್ನೊಂದು ತುಂಡು ಹಾಕ್ಲಾ?"

"ಸಾಕು ಅತ್ತಿಗೆ. ಹೊಟ್ಟೆ ತುಂಬಿದೆ."

ಅವನನ್ನು ಬಾಗಿಲವರೆಗೆ ಬಿಟ್ಟು ಬಂದು ಅವಳು ತಟ್ಟೆ ತೊಳೆದಳು. ಇಂಗ್ಲಿಷಿನಲ್ಲಿ ಆ ಪದ ಗಂಟಲಿಗೆ ಸಂಬಂಧಿಸಿದ್ದಲ್ಲ. ಹೃದಯಕ್ಕೆ ರಕ್ತ ಸಾಲದೆ ಎದೆ ಹಿಂಡುವ ನೋವಿಗೆ ಅವರು ಆಂಜೈನಾ ಎನ್ನುತ್ತಾರೆ. ನಾಲಗೆಯ ಕೆಳಗಿಡುವ ಆ ಗುಳಿಗೆಯೂ ಹೃದಯದ್ದೇ. ಇದು ಅವಳಿಗೆ ಗೊತ್ತಿತ್ತು. ಗೊತ್ತಿತ್ತು ಎಂದರೆ ಸಾಲದು, ಅವಳದೇ ಗುರುವಾರದ ಪಟ್ಟಿಯಲ್ಲಿ ಆ ಪದವಿತ್ತು, ಪ್ರತಿ ವರ್ಷ ಅದನ್ನು ಪಾಠ ಮಾಡಿದ್ದಳು. ಫೋನಿನಲ್ಲಿ ಗಂಡ ರಷ್ಯನ್ ಮಾತಾಡುತ್ತಿದ್ದ, ಅವಳು ರಷ್ಯನ್ನಿನಲ್ಲೇ ಕೇಳಿಸಿಕೊಂಡಳು. ಡಾಕ್ಟರು ಅದನ್ನು ಯಾವ ಭಾಷೆಯಲ್ಲಿ ಹೇಳಿರಬಹುದೆಂದು ಒಂದು ಕ್ಷಣವೂ ಯೋಚಿಸಿರಲಿಲ್ಲ. ತಟ್ಟೆಗಳನ್ನು ಒರೆಸಿಟ್ಟಳು. ಅಳು ಬರಬಹುದೇನೋ ಎಂದು ಸ್ವಲ್ಪ ಹೊತ್ತು ಅಲ್ಲೇ ನಿಂತಳು. ಬರಲಿಲ್ಲ. ಚೀಲ ಬಿಚ್ಚಿ ಬಟ್ಟೆಗಳನ್ನು ಒಗೆಯಲು ಹಾಕಿದಳು.

ಯಾರಿಗೂ ಹೇಳಲಿಲ್ಲ. ಹೇಳದೇ ಇರುವುದೇನೂ ಕಷ್ಟವಾಗಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ. ಗಂಟಲಿನಿಂದ ಹೃದಯಕ್ಕಿಳಿಯಿತು ಎಂಬುದರಲ್ಲಿ ಇಡೀ ಓಣಿಗೆ ಅನುಮಾನವಿರಲಿಲ್ಲ. ಆದರೆ ಮುದುಕಿ ಬರಬರುತ್ತಾ ಇಳಿದುಹೋಗುತ್ತಿದ್ದಳು. ಟೀವಿ ಹಾಕುವುದನ್ನು ಬಿಟ್ಟಳು. ಸೂಪಿನ ಬಟ್ಟಲು ಮುಂದಿಟ್ಟರೆ ಚಮಚ ಆಡಿಸಿ ಎದ್ದುಬಿಡುತ್ತಿದ್ದಳು. ಚರ್ಚಿಗೆ ಹೋಗಿ ಪಾದ್ರಿಯ ಮುಂದೆ ಆ ಆಸ್ಪತ್ರೆಯ ಕಾರಿಡಾರಿನ ವಿಷಯ ಹೇಳಿಕೊಂಡಳು. ಪಾದ್ರಿ ದೇವರು ಕ್ಷಮಿಸುತ್ತಾನೆ ಅಂದ. ಮನೆಗೆ ಬಂದು, "ದೇವರು ಕ್ಷಮಿಸ್ತಾನಂತೆ, ಅಂದ್ರೆ ತಪ್ಪು ನಂದೇ ಅಂತಾಯ್ತಲ್ಲ ಮಗಳೇ" ಅಂದಳು.

"ಹಾಗಲ್ಲ ಅಮ್ಮ."

"ಮತ್ತೆ ಹೇಗೆ? ನೀನೇ ಹೇಳು. ಅವತ್ತು ಐದು ನಿಮಿಷ ಕಲ್ಲಾಗಿದ್ದಿದ್ರೆ."

ರಿಮ್ಮಾ ಬ್ರೆಡ್ಡು ಮುಗಿದಿದೆ ಎಂದು ಕೋಟು ಹಾಕಿಕೊಂಡು ಹೊರಗೆ ಹೋದಳು.

ಫೆಬ್ರವರಿಯ ಒಂದು ಗುರುವಾರ ಪಟ್ಟಿಯಲ್ಲಿ ಆ ಪದದ ಸರದಿ ಬಂತು. ಬಿಟ್ಟುಬಿಡಬಹುದಿತ್ತು. ಹಾಳೆಯನ್ನು ಮಡಚಿಡಲು ಅವಳಿಗೆ ಯಾವ ಕಾರಣವೂ ತೋಚಲಿಲ್ಲ, ಹಂಚಿದಳು. ಅದಕ್ಕೂ ಮೊದಲಿನ ಪದ 'ಫ್ಯಾಮಿಲಿ'. ರಷ್ಯನ್ನಿನಲ್ಲಿ ಹಾಗೇ ಕೇಳುವ ಪದಕ್ಕೆ ಮನೆತನದ ಹೆಸರು ಎಂದರ್ಥ. ಹಳೆಯ ಹಡಗಾಳು ಪಾಖೊಮ್ ಬುಲಿಗಿನ್, ತರಗತಿಗೇ ಹಿರಿಯ, ಎಲ್ಲರಿಗೂ ಪಾಖೊಮ್ ಮಾಮ, ಕೈಯೆತ್ತಿದ.

"ನಾನು ಇದ್ರಲ್ಲಿ ಬಿದ್ದು ಎದ್ದಿದೀನಿ. ಒಂದು ಬಂದರಲ್ಲಿ ಆಫೀಸರು ಫ್ಯಾಮಿಲಿ ಇದ್ಯಾ ಅಂದ. ಬುಲಿಗಿನ್ ಅಂದೆ. ಇಲ್ಲ ಇಲ್ಲ, ಫ್ಯಾಮಿಲಿ ಅಂದ. ಕಿವುಡ ಅಂತ ಜೋರಾಗಿ ಬುಲಿಗಿನ್ ಅಂದೆ. ಯಾರೂ ಇಲ್ಲ ಅಂತ ಬರ್ಕೊಂಡ."

"ಸರಿಯಾಗೇ ಬರ್ಕೊಂಡಿದ್ದಾನೆ ಬಿಡು ಮಾಮ, ನಿಮ್ಮನೆಯಾಕೆ ಬಿಟ್ಟೋಗಿ ಎಷ್ಟು ಕಾಲ ಆಯ್ತು" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು, ಪಾಖೊಮನೂ ನಕ್ಕ.

"ಮುಂದಿನದು" ಅಂದಳು ರಿಮ್ಮಾ. ಸ್ನೆಜಾನಾ ಓದಿದಳು. "ಅಂಗೀನಾ."

"ಆಂಜೈನಾ ಅನ್ಬೇಕು. ನಮ್ಮಲ್ಲಿ ಇದು ಗಂಟಲ ಕಾಯಿಲೆ. ಇಂಗ್ಲಿಷಲ್ಲಿ ಹೃದಯದ್ದು. ಹೊರದೇಶದ ಡಾಕ್ಟ್ರು ಈ ಪದ ಹೇಳಿದ್ರೆ ಹಡಗು ಹತ್ತಬೇಡಿ, ಆಸ್ಪತ್ರೆಯಲ್ಲೇ ಇರಿ. ನನ್ನ ಗಂಡ ಇದನ್ನ ಗಂಟಲು ಅಂದ್ಕೊಂಡ. ಫೋನ್ ಮಾಡಿ ನನಗೂ ಹೇಳಿದ. ನಾನೂ ಗಂಟಲು ಅಂದ್ಕೊಂಡೆ, ಉಪ್ಪುನೀರು ಮುಕ್ಕಳಿಸು ಅಂದೆ." ಅವಳು ಪದವನ್ನು ಬೋರ್ಡಿನಲ್ಲಿ ಬರೆದು ಕೆಳಗೆ ಗೆರೆ ಎಳೆದಳು. "ಬರ್ಕೊಳ್ಳಿ."

ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಬರೆದುಕೊಂಡರು. ಪಾಖೊಮ್ ಮಾತ್ರ ಬರೆಯದೆ ಅವಳನ್ನೇ ನೋಡುತ್ತಿದ್ದ. ಮುಂದಿನ ಪದ 'ಮ್ಯಾಗಜೀನ್', ರಷ್ಯನ್ನಿನಲ್ಲಿ ಅಂಗಡಿ. ಅದನ್ನೂ ಮುಗಿಸಿಯೇ ಬಿಟ್ಟಳು.

ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ದೀಪ ಹಾಕದೆ ಕೂತಿದ್ದಳು. ರಿಮ್ಮಾ ದೀಪ ಹಾಕಿದಳು. ಕೋಟು ತೆಗೆಯದೆಯೇ ಎದುರಿನ ಸ್ಟೂಲಿನ ಮೇಲೆ ಕೂತಳು.

"ಅಮ್ಮ, ಆರ್ಕಾದಿಗೆ ಗಂಟಲಲ್ಲಿ ಏನೂ ಆಗಿರ್ಲಿಲ್ಲ."

ಮುದುಕಿ ತಲೆಯೆತ್ತಿದಳು.

ರಿಮ್ಮಾ ಎಲ್ಲ ಹೇಳಿದಳು. ಪದದ ವಿಷಯ, ಗುಳಿಗೆ, ಅಡುಗೆಯವನ ತಲೆನೋವು, ಏಣಿ. ಪಾಠ ಹೇಳುವ ದನಿಯಲ್ಲೇ ಹೇಳಿದಳು, ಅವಳಿಗೆ ಬೇರೆ ದನಿ ಬರಲಿಲ್ಲ. "ಟಾನ್ಸಿಲ್‌ಗೂ ಇದಕ್ಕೂ ಸಂಬಂಧ ಇಲ್ಲ. ನೀವು ಅವತ್ತು ತೆಗೆಸಿದ್ರೂ ಇದು ಹೀಗೇ ಆಗ್ತಿತ್ತು. ಅವನ ಅಪ್ಪನಿಗೂ ಕೈಕೊಟ್ಟದ್ದು ಹೃದಯವೇ ಅಲ್ವಾ?"

"ಅವರಪ್ಪನಿಗೂ ಹೃದಯವೇ" ಎಂದು ಜೋಯಾ ತಿಖೊನೊವ್ನಾ ನಿಧಾನವಾಗಿ ಅಂದಳು. ತುಂಬಾ ಹೊತ್ತು ಮೇಜಿನ ಬಟ್ಟೆಯ ಅಂಚನ್ನು ಸವರುತ್ತಿದ್ದಳು. "ನೀನು ಇಂಗ್ಲಿಷ್ ಟೀಚರು."

"ಹೌದು."

"ಊರಿಗೆಲ್ಲ ಹೇಳಿಕೊಡ್ತೀಯ."

"ಹೌದಮ್ಮ."

"ಅವತ್ತು ಫೋನು ಎತ್ತಿದ್ದು ನೀನೇ ತಾನೇ?"

"ನಾನೇ."

ಮುದುಕಿ ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೆಳಿಗ್ಗೆ ರಿಮ್ಮಾ ಎದ್ದಾಗ ಅವಳು ಆಗಲೇ ಗಂಜಿ ಕುದಿಸಿ ಒಂದು ಬಟ್ಟಲು ತಿಂದಿದ್ದಳು. ಒಲೆಯ ಕಡೆ ಮುಖ ಮಾಡಿಕೊಂಡೇ, "ನೀವು ಬ್ರೆಡ್ ತರ್ತೀರಾ, ನಾನೇ ಹೋಗ್ಲಾ?" ಅಂದಳು.

ಮದುವೆಯಾಗಿ ಬಂದ ದಿನದಿಂದ ರಿಮ್ಮಾ ಆ ಬಾಯಲ್ಲಿ ನೀನು ಎಂದಷ್ಟೇ ಕೇಳಿದ್ದಳು. ತರುತ್ತೇನೆ ಅಂದಳು.

ಅಂದಿನಿಂದ ನೀವು ಎಂಬುದೇ ಕಾಯಂ ಆಯಿತು. ಅದರಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ. ಅಂಚೆಯ ಕೌಂಟರಿನಲ್ಲಿ ಮಾತಾಡಿಸುವ ಹಾಗೆ ಮಾತಾಡಿಸುತ್ತಿದ್ದಳು. ಟೀವಿ ಮತ್ತೆ ಹಾಕತೊಡಗಿದಳು. ಊಟ ಮಾಡಿದಳು, ನಿದ್ದೆ ಮಾಡಿದಳು, ಕಾರಿಡಾರಿನ ಮಾತು ಮತ್ತೆ ಎತ್ತಲಿಲ್ಲ. ಹೇಳಿದ್ದು ಒಳ್ಳೆಯದೇ ಆಯಿತು ಎಂದು ರಿಮ್ಮಾಳಿಗೆ ತಿಳಿಯುತ್ತಿತ್ತು. ಆ ತಿಳಿವಳಿಕೆಯಿಂದ ಏನೂ ಆಗುತ್ತಿರಲಿಲ್ಲ, ಅಷ್ಟೇ.

ವಸಂತದಲ್ಲಿ ಪಾಖೊಮನಿಗೆ ಹಡಗು ಸಿಕ್ಕಿತು. ಹೊರಡುವ ಮುಂಚಿನ ಮಂಗಳವಾರ ಬಂದವನು ನುಡಿಗಟ್ಟಿನ ಹಾಳೆಯನ್ನು ಪಕ್ಕಕ್ಕೆ ಸರಿಸಿದ.

"ರಿಮ್ಮಾ ಗ್ಲೆಬೊವ್ನಾ, ಈ ಮಳೆಗೆ ಬೆಕ್ಕು ನಾಯಿ ಬೀಳೋದೆಲ್ಲ ನಂಗೆ ಬೇಡ. ಡಾಕ್ಟ್ರ ಮುಂದೆ ಎಲ್ಲಿ ನೋಯುತ್ತೆ, ಹೇಗೆ ನೋಯುತ್ತೆ ಅಂತ ಹೇಳೋದು ಕಲಿಸಿ. ನಂಗೂ ವಯಸ್ಸಾಯ್ತು."

ಉಳಿದವರೂ ತಮಗೂ ಅದೇ ಬೇಕು ಅಂದರು. ಆ ಸಂಜೆಯಿಡೀ ಅವರು ಎದೆ, ಬೆನ್ನು, ಹೊಟ್ಟೆ ಎಂದು ಒಬ್ಬರಿಗೊಬ್ಬರು ಕಾಯಿಲೆ ಹೇಳಿಕೊಂಡರು. ಸ್ನೆಜಾನಾ ಡಾಕ್ಟರಾದಳು. ಪಾಖೊಮ್ ಎಲ್ಲ ಕಡೆಯೂ ನೋಯುತ್ತದೆ ಅಂದ.

"ಎಲ್ಲ ಕಡೆ ಅಂದ್ರೆ ಯಾವ ಕಡೆಗೂ ಔಷಧಿ ಇಲ್ಲ ಮಾಮ. ಒಂದು ಕಡೆ ಬೆರಳಿಟ್ಟು ತೋರಿಸಿ" ಅಂದಳು ರಿಮ್ಮಾ.

ಮನೆಯಲ್ಲಿ ಅತ್ತೆ ನವಾಗಾ ಮೀನು ಹುರಿಯುತ್ತಿದ್ದಳು. ಒನೆಗಾ ಊರಿನಿಂದ ಅವಳ ತಂಗಿ ಫೋನು ಮಾಡಿದ್ದಳಂತೆ, ನಮ್ಮಲ್ಲೇ ಬಂದಿರು, ಆ ಸೊಸೆಯ ಜೊತೆ ಇನ್ನೇನು ನಿನಗೆ ಎಂದು ಕರೆದಿದ್ದಳಂತೆ. ಇದನ್ನು ಮೀನು ಮಗುಚುತ್ತಾ ಹೇಳಿದಳು.

"ಏನಂದ್ರಿ ಅಮ್ಮ?"

"ಬರಲ್ಲ ಅಂದೆ. ಅವ್ರ ಮನೇಲಿ ಆರ್ಕಾದಿಯನ್ನ ಸರಿಯಾಗಿ ನೋಡಿದೋರೇ ಇಲ್ಲ. ಯಾರ ಹತ್ರ ಮಾತಾಡ್ಲಿ? ಇಲ್ಲಿ ನೀವಾದ್ರೂ ಇದೀರ." ತಟ್ಟೆ ತಂದು ಅವಳ ಮುಂದಿಟ್ಟಳು. "ತಿನ್ನಿ. ಆರಿದ್ರೆ ಚೆನ್ನಾಗಿರಲ್ಲ."

ರಿಮ್ಮಾ ಕೈ ತೊಳೆದು ಬಂದು ಕೂತಳು. ಮುದುಕಿಯೂ ಎದುರಿಗೆ ಕೂತಳು. ಇಬ್ಬರೂ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಾ ತಿಂದರು.