ಅವರವರ ಏಳು

ಮೂರನೆಯ ಸಲವೂ ಕಂಪ್ಯೂಟರ್ ಏಳನ್ನು ಒಂದು ಎಂದೇ ಓದಿತು. ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಪರದೆಯ ಮೇಲಿದ್ದ ಆ ಅಂಕಿಯನ್ನು ದಿಟ್ಟಿಸಿದಳು. ಆಸ್ಪತ್ರೆಯ ಹಳೆಯ ಜ್ವರದ ಪಟ್ಟಿಯಿಂದ ತೆಗೆದ ಚಿತ್ರ ಅದು. ಯಾರೋ ನರ್ಸ್ ಅವಸರದಲ್ಲಿ ಬರೆದ ಏಳು. ತಲೆ ಬಾಗಿತ್ತು, ಕಾಲು ಕೆಳಗಿನ ಗೆರೆಯನ್ನು ದಾಟಿ ಚಾಚಿಕೊಂಡಿತ್ತು. ಕಣ್ಣಿದ್ದವರು ಯಾರೇ ಆದರೂ ಅದನ್ನು ಏಳು ಎನ್ನುತ್ತಿದ್ದರು. ಆದರೆ ಮೂವತ್ತೇಳು ಡಿಗ್ರಿ ಇದ್ದ ರೋಗಿಯ ಮೈ ಕಂಪ್ಯೂಟರಿನ ಲೆಕ್ಕದಲ್ಲಿ ಮೂವತ್ತೊಂದಕ್ಕೆ ಇಳಿದಿತ್ತು.

"ಈ ರೋಗಿ ಹೋದ ಬಿಡು" ಎಂದ ಪಕ್ಕದ ಮೇಜಿನ ಲಾಯರ್. ಅವನು ಓದುತ್ತಿದ್ದುದು ಅವಳ ಹಾಗೆಯೇ ಕಂಪ್ಯೂಟರ್ ಸೈನ್ಸ್. ಎಲ್ಲದಕ್ಕೂ ವಾದ ಹೂಡುತ್ತಾನೆಂದು ಮೊದಲ ವರ್ಷವೇ ತರಗತಿಯವರು ಇಟ್ಟ ಹೆಸರು ಅದು.

"ಮನೆ ಹಾಳೆಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸರಿ ಓದುತ್ತೆ. ಆಸ್ಪತ್ರೆ ಪಟ್ಟಿ ಕೊಟ್ರೆ ಅರವತ್ತೊಂದು. ಯಾಕೆ ಅಂತ ತಿಳೀತಿಲ್ಲ."

"ಯಾಕೆ ತಿಳೀಬೇಕು? ಶುಕ್ರವಾರ ಮನೆ ಹಾಳೇನೇ ತೋರಿಸು. ಕಂಪನಿಯವರು ಬರೋದು ಹತ್ತು ನಿಮಿಷ. ತೊಂಬತ್ತೊಂಬತ್ತು ಅಂದ್ಮೇಲೆ ಯಾರು ಕೆದಕ್ತಾರೆ?"

ಅವಳು ಆ ಏಳನ್ನು ಮತ್ತೊಮ್ಮೆ ದೊಡ್ಡದು ಮಾಡಿ ನೋಡಿದಳು. ಬೇಡ ಎನ್ನಲಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟ್ ಅದು. ಆಸ್ಪತ್ರೆಯ ಕೋಣೆಯೊಂದರಲ್ಲಿ ರಾಶಿ ಬಿದ್ದಿದ್ದ ಪಟ್ಟಿಗಳ ಅಂಕಿಗಳನ್ನು ತಾನಾಗಿ ಓದುವ ಪ್ರೋಗ್ರಾಮ್ ಬರೆಯಬೇಕಿತ್ತು. ಅಂಥ ಪ್ರೋಗ್ರಾಮಿಗೆ ಮೊದಲು ಪಾಠ ಹೇಳಬೇಕು. ಬೇರೆ ಬೇರೆ ಜನ ಬರೆದ ಅಂಕಿಗಳನ್ನು ಸಾವಿರಗಟ್ಟಲೆ ತೋರಿಸಿ, ಇದು ಮೂರು, ಇದು ಎಂಟು ಎಂದು ಕಲಿಸಬೇಕು. ಅದಕ್ಕಾಗಿ ನೂರಿಪ್ಪತ್ತು ಜನರಿಂದ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಹತ್ತು ಸಲ ಬರೆಸಿ ತಂದವರು ದೊಡ್ಡಮ್ಮ; ಅವೇ ಆ ಮನೆ ಹಾಳೆಗಳು. ಶುಕ್ರವಾರ ಬರುವ ಕಂಪನಿಯ ಅಧಿಕಾರಿ ಪರೀಕ್ಷೆಯ ಅಂಕ ನೋಡುವುದಿಲ್ಲವಂತೆ, ಪ್ರಾಜೆಕ್ಟನ್ನೇ ನೋಡಿ ತರಗತಿಯಿಂದ ಇಬ್ಬರನ್ನು ಕೆಲಸಕ್ಕೆ ಆರಿಸುತ್ತಾರಂತೆ. ಅಂದು ಸೋಮವಾರ.

ಪಾಠ ಹೇಳುವ ಮೇಡಂ ಹತ್ತಿರ ಹೋದರೆ ಅವರು ಪರದೆಯತ್ತ ನೋಡಲೂ ಇಲ್ಲ.

"ಅದು ಕಲಿತ ಹಾಳೆಗಳನ್ನ ನೀನು ನೋಡಿದೀಯಾ?"

"ಎಲ್ಲಾ ಸ್ಕ್ಯಾನ್ ಮಾಡಿದೀನಿ ಮೇಡಂ."

"ಸ್ಕ್ಯಾನ್ ಮಾಡಿದ್ದು ಮೆಷಿನ್ನು. ನೀನು ನೋಡಿದೀಯಾ ಅಂತ ಕೇಳಿದೆ. ಹೋಗು, ಹಾಳೆಗಳನ್ನ ನೆಲದ ಮೇಲೆ ಹರಡಿ ನೋಡು."

ಲ್ಯಾಬಿನ ಹಿಂದಿನ ಖಾಲಿ ಕೋಣೆಯಲ್ಲಿ ಅವಳು ಹಾಳೆಗಳನ್ನು ಸಾಲಾಗಿ ಹರಡಿದಳು. ಮೊದಲಿಗೆ ಏನೂ ಕಾಣಲಿಲ್ಲ. ಎಲ್ಲವೂ ಅಚ್ಚುಕಟ್ಟಾಗಿದ್ದವು. ಆಮೇಲೆ ಆ ಅಚ್ಚುಕಟ್ಟೇ ಕಣ್ಣಿಗೆ ಚುಚ್ಚತೊಡಗಿತು. ಔಷಧಿ ಅಂಗಡಿಯವರ ಏಳಕ್ಕೂ ಚಪ್ಪಲಿ ಹೊಲಿಯುವವರ ಏಳಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ತಲೆಯ ಮೇಲೆ ನೇರವಾದ ಗೆರೆ, ಎಡತುದಿಯಲ್ಲಿ ಚಿಕ್ಕ ಕೊಕ್ಕೆ, ಗೆರೆಯ ಮೇಲೆ ಬಂದು ನಿಲ್ಲುವ ಕಾಲು. ನೂರಿಪ್ಪತ್ತು ಜನರದು ಒಂದೇ ಕೈ. ಅವಳು ಹಾಳೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಪ್ರತಿ ಅಂಕಿಯ ಕೆಳಗೂ ರಬ್ಬರಿನಿಂದ ಉಜ್ಜಿದ ಗುರುತಿತ್ತು.

ಅಲ್ಲಿಂದ ನೇರವಾಗಿ ಮನೆಯ ಬೀದಿಯ ತುದಿಯಲ್ಲಿದ್ದ ಕ್ಷೌರದ ಅಂಗಡಿಗೆ ನಡೆದಳು. ಕ್ಷೌರದವರು ಒಬ್ಬರ ಗಡ್ಡಕ್ಕೆ ಸೋಪು ಹಚ್ಚುತ್ತಿದ್ದರು. ಹಾಳೆ ನೋಡಿದ್ದೇ ಅವರ ಮುಖ ಅರಳಿತು.

"ನಂದೇ ಇದು. ನಿಮ್ಮ ದೊಡ್ಡಮ್ಮ, ಟೀಚರಮ್ಮ, ನನ್ನ ಕೈಲಿ ಎಂಟನ್ನ ಹದಿನೆಂಟು ಸಲ ಬರೆಸಿದ್ರು ತಂಗಿ. ಎರಡು ಸೊನ್ನೆ ಒಂದರ ಮೇಲೊಂದು ಕೂರಿಸೋದು ಎಂಟಲ್ಲ, ಒಂದೇ ಎಳೆತದಲ್ಲಿ ಬರಬೇಕು ಅಂದ್ರು. ಗಿರಾಕಿ ಮುಖದ ಮೇಲೆ ಸೋಪು ಒಣಗಿ ಹಪ್ಪಳ ಆಗಿತ್ತು."

"ನಾನೇ ಆ ಗಿರಾಕಿ" ಎಂದರು ಕುರ್ಚಿಯಲ್ಲಿದ್ದವರು, ಕಣ್ಣು ತೆರೆಯದೆ. "ಆಮೇಲೆ ನನ್ನ ಕೈಲೂ ಬರೆಸಿದ್ರು."

"ನಿಮ್ಮ ಮೊದಲಿನ ಎಂಟು ಹೇಗಿತ್ತು? ಒಂದು ಬರೆದು ತೋರಿಸ್ತೀರಾ?"

ಕ್ಷೌರದವರು ಕೈ ಒರೆಸಿಕೊಂಡು ಬರೆದರು. ಸುಂದರವಾದ ಎಂಟು ಬಂತು. ಮತ್ತೊಮ್ಮೆ ಬರೆದರು. ಅದೂ ಹಾಗೆಯೇ. "ಇನ್ನು ಅದು ಕೆಡೋ ಹಾಗಿಲ್ಲ ತಂಗಿ" ಎಂದು ಅವರೇ ಬೆರಗಿನಿಂದ ತಮ್ಮ ಬೆರಳುಗಳನ್ನು ನೋಡಿಕೊಂಡರು.

ಕಾರಣ ಸಿಕ್ಕಿತು. ಸಿಕ್ಕ ಮೇಲೆ ಅವಳ ಕಾಲು ಮನೆಯ ಕಡೆ ಏಳಲಿಲ್ಲ.

ಯೂನಿವರ್ಸಿಟಿಗೆ ಸೇರಿದಾಗಿನಿಂದ ಅವಳು ಇದ್ದುದು ದೊಡ್ಡಮ್ಮನ ಮನೆಯಲ್ಲೇ. ದೊಡ್ಡಮ್ಮ ಮೂವತ್ತನಾಲ್ಕು ವರ್ಷ ಒಂದನೆಯ, ಎರಡನೆಯ ತರಗತಿಯ ಮಕ್ಕಳಿಗೆ ಕೈ ಹಿಡಿದು ಬರೆಸಿದವರು. ಹೋದ ವರ್ಷ ದೊಡ್ಡಪ್ಪ ತೀರಿಕೊಂಡ ಮೇಲೆ ಅವರು ಹೊಸ್ತಿಲು ದಾಟಿರಲಿಲ್ಲ. ಬಾಗಿಲ ಬಳಿಯ ಚಪ್ಪಲಿಗೆ ಧೂಳು ಕೂತಿತ್ತು. ಮಾತಾಡುತ್ತಿದ್ದುದು ದೇವರ ಹತ್ತಿರ ಮಾತ್ರ. ಅದೂ ಬೇಡುವ ಮಾತಲ್ಲ, ಯಾಕೆ ಎಂದು ಕೇಳುವ ಮಾತು. ಅಂಥವರಿಗೆ ಅವಳು ಒಂದು ದಿನ, ಏನೋ ಒಂದು ಮಾತಿಗೆ, "ನನಗೆ ನಾಲ್ಕು ಜನರ ಹತ್ತಿರ ಅಂಕಿ ಬರೆಸಿ ಕೊಡ್ತೀರಾ?" ಎಂದಿದ್ದಳು. ಮರುದಿನ ಬೆಳಿಗ್ಗೆ ಚಪ್ಪಲಿ ಅಲ್ಲಿರಲಿಲ್ಲ. ಎರಡು ತಿಂಗಳು ಅವರು ಹೆಗಲಿಗೆ ಚೀಲ ಹಾಕಿಕೊಂಡು ಅಂಗಡಿ ಅಂಗಡಿ, ಮನೆ ಮನೆ ತಿರುಗಿದರು. ಯಾರ ಹಲ್ಲು ನೋಯುತ್ತಿದೆ, ಯಾರ ಸೊಸೆ ಮುನಿಸಿಕೊಂಡಿದ್ದಾಳೆ ಎಂಬ ಸುದ್ದಿಯನ್ನೂ ಹಾಳೆಗಳ ಜೊತೆಗೇ ತಂದರು. ಒಂದು ಸಂಜೆ ನಗುವುದೂ ಕೇಳಿಸಿತ್ತು.

ಅಂಥವರ ಎದುರು ಏನೆಂದು ಬಾಯಿ ಬಿಡುವುದು? ಸುಮ್ಮನಿದ್ದು ಲಾಯರ್ ಹೇಳಿದ ಹಾಗೆ ಮಾಡಿದರೆ ಕೆಲಸವೂ ಸಿಕ್ಕೀತು, ದೊಡ್ಡಮ್ಮನಿಗೂ ತಿಳಿಯಲಾರದು. ಆದರೆ ಆಸ್ಪತ್ರೆಯ ಪಟ್ಟಿಯ ಆ ಏಳು ಕಣ್ಣ ಮುಂದಿನಿಂದ ಸರಿಯಲೇ ಇಲ್ಲ.

ದೊಡ್ಡಮ್ಮ ಅಡುಗೆಮನೆಯಿಂದಲೇ ಕೇಳಿದರು. "ಏನಂತಾನೆ ನಿನ್ನ ಶಿಷ್ಯ? ನೂರಕ್ಕೆ ಎಷ್ಟು ಬಂತು?"

"ಅರವತ್ತೊಂದು."

"ನನ್ನ ಕೈಲಿ ಕಲಿತವರು ಯಾರೂ ಅರವತ್ತೊಂದು ತಗೊಂಡಿಲ್ಲ ಕಣೇ." ಅವರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಹಾಳೆ ಸಾಲದೆ ಹೋಯ್ತಾ? ನಾಳೆ ಇನ್ನೂ ಇಪ್ಪತ್ತು ಮನೆ ಹತ್ತಿ ಇಳೀತೀನಿ, ಅದೇನು ಮಹಾ."

"ಹಾಳೆ ಸಾಕಷ್ಟಿವೆ ದೊಡ್ಡಮ್ಮ. ಅವು..." ಅವಳು ಚೀಲವನ್ನು ಕೆಳಗಿಟ್ಟಳು. "ಅವು ತುಂಬ ಚೆನ್ನಾಗಿವೆ."

ದೊಡ್ಡಮ್ಮ ಅವಳ ಮುಖವನ್ನೇ ನೋಡಿದರು. ಸುಳ್ಳು ಹೇಳುವ ಮಕ್ಕಳ ಮುಖವನ್ನೂ, ಹೇಳಲಾರದೆ ನಿಂತ ಮಕ್ಕಳ ಮುಖವನ್ನೂ ನೋಡಿ ಪಳಗಿದವರು.

"ಕ್ಷೌರದವರ ಹತ್ತಿರ ಹೋಗಿದ್ಯಾ?"

"ಹೂಂ."

"ಅಂದ್ರೆ ನಾನು ತಿದ್ದಬಾರದಿತ್ತು."

"ಹೇಳಬೇಕಾದ್ದು ನಾನು. ನಿಮಗೆ ಹೇಳಲೇ ಇಲ್ಲ."

"ಎರಡು ತಿಂಗಳು ಬಿಸಿಲಲ್ಲಿ ತಿರುಗಿ ನಿನ್ನ ಕೆಲಸ ಕೆಡಿಸಿದೆ ಅನ್ನು." ಅವರು ಒಳಗೆ ಹೋಗಿ ದೇವರ ಮುಂದೆ ಕೂತರು. ಎಂದಿನ ಪಿಸುಮಾತು ಕೇಳಿಸಲಿಲ್ಲ. ಒಲೆಯ ಮೇಲಿನ ಸಾರು ಉಕ್ಕಿತು. ಅವಳೇ ಹೋಗಿ ಒಲೆ ಆರಿಸಿದಳು. ನಾಳೆಯಿಂದ ಚಪ್ಪಲಿಗೆ ಮತ್ತೆ ಧೂಳು ಕೂರುತ್ತದೆ ಎಂದುಕೊಂಡಳು.

ಬಹಳ ಹೊತ್ತಿನ ಮೇಲೆ ದೊಡ್ಡಮ್ಮ ಎದ್ದು ಬಂದರು.

"ಒಂದು ಕೇಳ್ತೀನಿ. ಚೆಂದದ ಏಳನ್ನೇ ನೋಡಿ ಬೆಳೆದ್ರೆ ಅದಕ್ಕೆ ಸೊಟ್ಟ ಏಳು ಏಳು ಅಂತ ಕಾಣೋದೇ ಇಲ್ವಾ?"

"ಕಾಣಲ್ಲ."

"ಪಾಪದ್ದು, ಥೇಟು ನನ್ನ ಹಾಗೇ ಆಯ್ತಲ್ಲ" ಎಂದು ಅವರು ಕುರ್ಚಿ ಎಳೆದುಕೊಂಡು ಕೂತರು. "ಈಗ ಅದಕ್ಕೆ ಏನು ತೋರಿಸ್ಬೇಕು? ಕೆಟ್ಟದಾಗಿ ಬರೀರಿ ಅಂತ ಜನಕ್ಕೆ ಹೇಳ್ಬೇಕಾ?"

"ಹಾಗಂದ್ರೆ ಬೇಕು ಅಂತಲೇ ಕೆಟ್ಟದಾಗಿ ಬರೀತಾರೆ. ಅದೂ ಅವರದಲ್ಲ. ದಿನಾ ಹೇಗೆ ಬರೀತಾರೋ ಹಾಗೇ ಬೇಕು. ತಿದ್ದೋ ಹಾಗಿಲ್ಲ, ಎರಡನೇ ಸಲ ಬರೆಸೋ ಹಾಗಿಲ್ಲ."

"ನೋಡ್ಕೊಂಡು ಸುಮ್ಮನೆ ನಿಲ್ಲೋದು ನನ್ನ ಕೈಲಾಗಲ್ಲ ಪುಟ್ಟಿ. ಸುಳ್ಳು ಯಾಕೆ ಹೇಳ್ಲಿ?" ಸ್ವಲ್ಪ ಯೋಚಿಸಿ ಮತ್ತೆ ಹೇಳಿದರು. "ನೋಡದೆ ನಿಲ್ಲಬಹುದು."

ಮರುದಿನ ಅವಳೂ ಜೊತೆಗೆ ಹೋದಳು. ಔಷಧಿ ಅಂಗಡಿಯಲ್ಲಿ ಚೀಟಿ ಹಿಡಿದು ನಿಂತ ಗಿರಾಕಿಗಳು, ಬಸ್ಸಿಗೆ ಕಾಯುವವರು, ಗಾರೆ ಕೆಲಸದವರು. ಕಳೆದ ಸಲ ಬರೆದವರನ್ನು ಬಿಟ್ಟು ಹೊಸಬರನ್ನೇ ಹಿಡಿದರು. ದೊಡ್ಡಮ್ಮ ಹಾಳೆಯನ್ನೂ ಪೆನ್ನನ್ನೂ ಕೊಟ್ಟು, ಬೀದಿಯ ಕಡೆ ತಿರುಗಿ ನಿಲ್ಲುತ್ತಿದ್ದರು. ಬರೆಯುವವರು ಮೊಣಕಾಲ ಮೇಲೆ, ಗೋಡೆಯ ಮೇಲೆ, ಮುಂದಿನವರ ಬೆನ್ನಿನ ಮೇಲೆ ಹಾಳೆ ಇಟ್ಟುಕೊಂಡು ಗೀಚುತ್ತಿದ್ದರೆ, ದೊಡ್ಡಮ್ಮನ ಬೆರಳುಗಳು ಚೀಲದ ಹಿಡಿಯನ್ನು ಹಿಂಡುತ್ತಿದ್ದವು.

"ಯಾಕಮ್ಮ ಆ ಕಡೆ ನೋಡ್ತೀರಾ? ನಾನೇನು ಬಟ್ಟೆ ಬದಲಾಯಿಸ್ತಿದೀನಾ?" ಎಂದ ಗಾರೆಯವನೊಬ್ಬ.

"ನೀನು ಬರಿ ಮಾರಾಯ. ನನ್ನ ಹಿಂಸೆ ನನಗೆ."

ಬುಧವಾರದ ಹೊತ್ತಿಗೆ ಅವರಿಗೆ ಕುತೂಹಲ ತಡೆಯಲಾಗಲಿಲ್ಲ. ಮನೆಗೆ ಬಂದ ಮೇಲೆ ಕನ್ನಡಕ ಹಾಕಿಕೊಂಡು ಹಾಳೆಗಳನ್ನು ಒಂದೊಂದಾಗಿ ನೋಡತೊಡಗಿದರು. ಪೆನ್ನನ್ನು ಮಾತ್ರ ಅವಳ ಕೈಗೆ ಕೊಟ್ಟುಬಿಟ್ಟಿದ್ದರು. "ಇಲ್ಲಿ ನೋಡೇ, ಇವರು ನಾಲ್ಕನ್ನ ಕೆಳಗಿನಿಂದ ಕಟ್ಟಿದಾರೆ, ಗೋಡೆ ಕಟ್ಟಿದ ಹಾಗೆ. ಈಯಮ್ಮನ ಐದಕ್ಕೆ ಟೋಪಿ ಹಾರಿ ಹೋಗಿ ಪಕ್ಕದ ಆರರ ಮೇಲೆ ಕೂತಿದೆ. ಆದ್ರೂ ಐದು ಅಂತ ತಿಳಿಯುತ್ತೆ ಅಲ್ವಾ?"

"ನಿಮಗೆ ತಿಳಿಯುತ್ತೆ. ಅದಕ್ಕೆ ತಿಳಿಯುತ್ತಾ ಅಂತ ನಾಳೆ ಗೊತ್ತಾಗುತ್ತೆ."

ಗುರುವಾರ ತೊಂಬತ್ತು ಹೊಸ ಹಾಳೆಗಳನ್ನು ಸೇರಿಸಿ ಪ್ರೋಗ್ರಾಮಿಗೆ ಹೊಸದಾಗಿ ಪಾಠ ಹೇಳಿದಳು. ಆಸ್ಪತ್ರೆಯ ಪಟ್ಟಿಗಳಲ್ಲಿ ಎಂಬತ್ತನಾಲ್ಕು ಬಂತು. ನರ್ಸ್ ಬರೆದ ಆ ಏಳನ್ನು ಈ ಸಲ ಏಳು ಎಂದೇ ಓದಿತು. ಲಾಯರ್ ತಲೆಯಾಡಿಸಿದ. "ತೊಂಬತ್ತೊಂಬತ್ತು ಬಿಟ್ಟು ಎಂಬತ್ತನಾಲ್ಕು ತೋರಿಸ್ತೀಯಾ? ನಿನ್ನ ಪರ ವಾದ ಮಾಡೋಕೆ ನನ್ನ ಕೈಲೂ ಆಗಲ್ಲ."

ಶುಕ್ರವಾರ ಬಂದ ಅಧಿಕಾರಿ ನರೆಗೂದಲಿನ ಹೆಂಗಸು; ಹೆಚ್ಚು ಮಾತಿನವರಲ್ಲ. ಅವಳು ಪರದೆಯನ್ನು ತೋರಿಸಿ, ಹಾಳೆಗಳ ಎರಡು ಕಟ್ಟುಗಳನ್ನೂ ಮೇಜಿನ ಮೇಲಿಟ್ಟಳು. ಮೊದಲು ಅರವತ್ತೊಂದು ಬಂದದ್ದು, ಯಾಕೆ ಬಂತು, ಹೇಗೆ ತಿಳಿಯಿತು, ಎಲ್ಲವನ್ನೂ ಹೇಳಿದಳು. ಅಧಿಕಾರಿ ಪರದೆಯನ್ನು ಬಿಟ್ಟು ಹಾಳೆಗಳನ್ನು ತಿರುವತೊಡಗಿದರು. ಹತ್ತು ನಿಮಿಷ ಕಳೆದು ಇಪ್ಪತ್ತಾಯಿತು.

"ಈ ಟೀಚರ್ ನಿಮಗೆ ಏನಾಗಬೇಕು?"

"ದೊಡ್ಡಮ್ಮ."

"ಅವರಿಗೆ ಬೇಜಾರಾಗಲಿಲ್ವಾ?"

"ಆಯ್ತು. ಆಮೇಲೆ ಎರಡನೇ ಕಟ್ಟನ್ನೂ ಅವರೇ ತಂದ್ರು."

ಅವರು ಚಿಕ್ಕ ಪುಸ್ತಕದಲ್ಲಿ ಏನೋ ಬರೆದುಕೊಂಡರು. "ಮೊದಲನೇ ಕಟ್ಟಿನಂಥದ್ದು ನಮ್ಮ ಆಫೀಸಲ್ಲಿ ಬೇಕಾದಷ್ಟಿದೆ. ಎರಡನೇದನ್ನ ತರೋಕೆ ಬೀದಿಗೆ ಹೋಗೋರು ಬೇಕು. ಸೋಮವಾರ ಹತ್ತು ಗಂಟೆಗೆ ಬನ್ನಿ."

ಮನೆಗೆ ಬಂದು ಹೇಳಿದಾಗ ದೊಡ್ಡಮ್ಮ ಅವಳ ತಲೆ ಸವರಿ, ಒಳಗೆ ಹೋಗಿ ದೇವರಿಗೆ ಕೈಮುಗಿದು ಬಂದರು. ಆಮೇಲೆ ಮೇಜಿನ ಮೇಲಿದ್ದ ಕಟ್ಟುಗಳನ್ನು ಸುಮ್ಮನೆ ತಡವುತ್ತ ಕೂತರು.

"ಊರಿನವರದೆಲ್ಲ ಬರೆಸಿದ್ವಿ. ಇದರಲ್ಲಿ ನನ್ನದೇ ಇಲ್ಲ."

"ನಿಮ್ಮದು ಮೊದಲನೇ ಕಟ್ಟಿನ ತುಂಬ ಇದೆಯಲ್ಲ ದೊಡ್ಡಮ್ಮ."

"ಅದು ಬೋರ್ಡಿನ ಕೈ. ಮಕ್ಕಳು ನೋಡ್ತಿರ್ತಾರೆ ಅಂತ ಬರೀತಿದ್ದದ್ದು. ಮದುವೆ ಆದ ಹೊಸದ್ರಲ್ಲಿ, ಇನ್ನೂ ಕೆಲಸಕ್ಕೆ ಸೇರಿರಲಿಲ್ಲ, ನಿಮ್ಮ ದೊಡ್ಡಪ್ಪನಿಗೆ ಬರೆದ ಚೀಟಿಯಲ್ಲಿ ಇಷ್ಟು ಗಂಟೆಗೆ ಬನ್ನಿ ಅಂತಿದ್ರೆ ಅವರು ತಪ್ಪು ಹೊತ್ತಿಗೆ ಬರ್ತಿದ್ರು. ನಿನ್ನ ಮೂರು ಯಾವುದು ಎಂಟು ಯಾವುದು ಅಂತ ನಗ್ತಿದ್ರು." ಅವರು ಹಾಳೆಯೊಂದನ್ನು ಎಳೆದುಕೊಂಡರು. "ಆ ಕೈ ಇನ್ನೂ ಇದೆಯೋ ಇಲ್ಲವೋ ಯಾರಿಗೆ ಗೊತ್ತು. ಪೆನ್ನು ಕೊಡು ನೋಡೋಣ."

ಅವಳು ಕೊಟ್ಟಳು. ದೊಡ್ಡಮ್ಮ ಹಾಳೆಯ ಮೇಲೆ ಪೆನ್ನು ಊರಿ, ಊರಿದ್ದನ್ನು ಎತ್ತಿ, ಅವಳ ಕಡೆ ನೋಡಿದರು.

"ನೀನು ಆ ಕಡೆ ತಿರುಗು."

ಅವಳು ಕಿಟಕಿಯ ಕಡೆ ತಿರುಗಿ ನಿಂತಳು. ಎದುರಿನ ಬೀದಿಯಲ್ಲಿ ಯಾರೋ ಮಗುವಿಗೆ ಸೈಕಲ್ ಹೊಡೆಯುವುದನ್ನು ಕಲಿಸುತ್ತಿದ್ದರು. ಬೆನ್ನ ಹಿಂದೆ ಪೆನ್ನು ಕಾಗದದ ಮೇಲೆ ಓಡಿತು, ನಿಂತಿತು, ಮತ್ತೆ ಓಡಿತು.