ಸೇಫ್ಟಿ ಸಾಹೇಬರ ಮೂರಂತಸ್ತಿನ ಮ್ಯಾಟು

ನಾಚಾರಂನ ಔಷಧಿ ಬಾಟಲಿ ಕಾರ್ಖಾನೆಯಲ್ಲಿ ಶಾಂತಪ್ಪನವರು ಸುರಕ್ಷಾಧಿಕಾರಿ. ಕಾರ್ಮಿಕರು ಬೆನ್ನ ಹಿಂದೆ ಅವರನ್ನು ‘ಸೇಫ್ಟಿ ಸಾಬ್’ ಅನ್ನುತ್ತಿದ್ದರು. ಎದುರಿಗೆ ಏನೂ ಅನ್ನುತ್ತಿರಲಿಲ್ಲ, ಯಾಕೆಂದರೆ ಎದುರಿಗೆ ಬಾಯಿ ತೆರೆದರೆ ಭಾಷಣ ಶುರುವಾಗುತ್ತಿತ್ತು. ಭಾಲ್ಕಿ ಕಡೆಯಿಂದ ಬಂದು ಹೈದರಾಬಾದಿನಲ್ಲೇ ಕೂದಲು ಹಣ್ಣು ಮಾಡಿಕೊಂಡ ಮನುಷ್ಯ. ಹೆಲ್ಮೆಟ್ಟಿನ ಪಟ್ಟಿ ಬಿಗಿಯದವನನ್ನು, ಏಣಿಯ ಕೆಳಗೆ ನಿಂತವನನ್ನು, ಚಪ್ಪಲಿ ಮೆಟ್ಟಿಕೊಂಡು ಯಂತ್ರದ ಹತ್ತಿರ ಸುಳಿದವನನ್ನು ಅಂಗಳದ ಆಚೆ ತುದಿಯಿಂದಲೇ ಹಿಡಿದುಬಿಡುತ್ತಿದ್ದರು. ಅಪಘಾತ ತಾನಾಗಿ ಆಗುವುದಿಲ್ಲ, ಯಾವನೋ ಒಬ್ಬ ಮಾಡುತ್ತಾನೆ ಎಂಬುದು ಅವರ ಸಿದ್ಧಾಂತ. ಆ ಯಾವನೋ ಒಬ್ಬ ಯಾವಾಗಲೂ ಬೇರೆಯವನೇ ಆಗಿರುತ್ತಿದ್ದ ಎಂಬುದು ಮಾತ್ರ ಅವರ ಗಮನಕ್ಕೆ ಬಂದಿರಲಿಲ್ಲ.

ಶಹರದಲ್ಲಿ ಆಗ ಕಾರಿನ ಹುಚ್ಚು. ಹೈಟೆಕ್ ಸಿಟಿಯ ಹುಡುಗರು ಮೀಸೆ ಸರಿಯಾಗಿ ಮೂಡುವ ಮೊದಲೇ ಕಾರಿನ ಬೀಗದ ಕೈ ಬೆರಳಲ್ಲಿ ತಿರುಗಿಸುತ್ತಿದ್ದರು. ಹಿಮಾಯತ್‌ನಗರದ ಅಪಾರ್ಟ್‌ಮೆಂಟಿನಲ್ಲಿ ಕೊನೆಗೆ ಸ್ಕೂಟರ್ ಉಳಿದದ್ದು ಇಬ್ಬರದೇ: ವಾಚ್‌ಮನ್‌ನದು ಮತ್ತು ಶಾಂತಪ್ಪನವರದು. ಒಂದು ಮಳೆಗಾಲದ ಬೆಳಿಗ್ಗೆ ಮೇಲಿನ ಮಹಡಿಯ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬ ಕಾರಿನ ಗಾಜು ಇಳಿಸಿ, “ಅಂಕಲ್, ಬಿಟ್ಟು ಬರಲಾ?” ಎಂದು ಮರುಕದಿಂದ ಕೇಳಿದ. ದೀಪಾವಳಿಗೆ ಶಾಂತಪ್ಪನವರ ಮನೆಗೂ ಕಾರು ಬಂತು.

ಬಂದ ಕಾರನ್ನು ಅವರು ಓಡಿಸಿದ್ದಕ್ಕಿಂತ ಮುಚ್ಚಿದ್ದೇ ಹೆಚ್ಚು. ಸೀಟಿನ ಮೇಲಿನ ಪ್ಲಾಸ್ಟಿಕ್ಕು ಹಾಗೇ ಇತ್ತು. ಹೆಂಡತಿ ಸಾವಿತ್ರಿಬಾಯಿ ಕೂತರೆ ಚರಚರ ಸಪ್ಪಳ. ಕೆಳಗೆ ಕಂಪನಿಯವರು ಕೊಟ್ಟ ಮ್ಯಾಟು, ಜಾರದಂತೆ ನೆಲದ ಕೊಕ್ಕೆಗೆ ಸಿಕ್ಕಿಸಿದ್ದು. ಅದು ಹೊಲಸಾಗಬಾರದೆಂದು ಅದರ ಮೇಲೊಂದು ರಬ್ಬರಿನ ಮ್ಯಾಟು. ರಬ್ಬರು ಹೊಲಸಾಗಬಾರದೆಂದು ಅದರ ಮೇಲೆ ಇನ್ನೊಂದು: ಸುರಕ್ಷಾ ಸಪ್ತಾಹದಲ್ಲಿ ಅವರಿಗೇ ಬಹುಮಾನವಾಗಿ ಬಂದ ಕೆಂಪು ಕಾರ್ಪೆಟ್ ಮ್ಯಾಟು, ನಡುವೆ ಹಳದಿ ದಾರದಲ್ಲಿ ‘ಸೇಫ್ಟಿ ಫಸ್ಟ್’ ಎಂಬ ಅಕ್ಷರ. ಈ ಮೂರಂತಸ್ತಿನ ಕಟ್ಟಡದಲ್ಲಿ ಮೇಲಿನ ಅಂತಸ್ತಿಗೆ ಕೊಕ್ಕೆ ಇಲ್ಲ, ಹಿಡಿತ ಇಲ್ಲ, ಮನಸ್ಸಿಗೆ ಬಂದತ್ತ ಹೊರಟುಬಿಡುವ ಸ್ವಭಾವ.

ಸಾವಿತ್ರಿಬಾಯಿ ಅದನ್ನು ಮೊದಲ ದಿನವೇ ನೋಡಿದ್ದಳು.

“ರೀ, ನೀವು ಬ್ರೇಕ್ ಹಾಕಿದಾಗೊಮ್ಮೆ ಇದು ಮುಂದ ಸರೀತೈತಿ ನೋಡ್ರಿ. ಪೆಡಲ್ ತನಕ ಹೋಗೈತಿ. ತಗದ್ ಒಗೀರಿ ಅತ್ತಾಗ.”

“ಅದರ ಮ್ಯಾಲ ಏನ್ ಬರದೈತಿ ಓದಿದೇನು?”

“ಉಪ್ಪಿನ ಡಬ್ಬಿ ಮ್ಯಾಲ ಸಕ್ರಿ ಅಂತ ಬರದ್ರ ಉಪ್ಪು ಸೀ ಆಗತೈತೇನ್ರಿ?”

“ಜೀವಮಾನ ಎಲ್ಲಾ ಸೇಫ್ಟಿ ಮಾಡಿದಾಂವ ನಾನು. ನನಗ ಕಲಿಸಾಕ ಬರ್ತಿ?”

ಒಂದು ಸಂಜೆ ಅಪಾರ್ಟ್‌ಮೆಂಟಿನ ಕೆಳಗೆ ಕಾರು ನಿಲ್ಲಿಸುವಾಗ ಮ್ಯಾಟು ಮುದುಡಿ ಬ್ರೇಕಿನ ಅಡಿಗೆ ಸೇರಿತು. ಬ್ರೇಕು ಅರ್ಧಕ್ಕೇ ನಿಂತು, ಕಾರು ಹೋಗಿ ಕಂಬಕ್ಕೆ ಮುತ್ತಿಟ್ಟಿತು, ಒಂದು ದೀಪ ಒಡೆಯಿತು. ಶಾಂತಪ್ಪನವರು ಇಳಿದು ಕಂಬವನ್ನು ಸುತ್ತಿ ಸುತ್ತಿ ನೋಡಿ, ಇಂಥ ಜಾಗದಲ್ಲಿ ಕಂಬ ಎತ್ತಿದ ಬಿಲ್ಡರನಿಗೆ ಬುದ್ಧಿ ಇಲ್ಲ ಎಂದು ತೀರ್ಮಾನ ಕೊಟ್ಟರು. ಮ್ಯಾಟನ್ನು ಕಾಲಿನಿಂದ ಹಿಂದೆ ತಳ್ಳಿ ಮೇಲೆ ಹೋಗಿ ಚಹಾ ಕುಡಿದರು.

ಅಷ್ಟರಲ್ಲಿ ಕಾರ್ಖಾನೆಗೆ ಸುದ್ದಿ ಬಂತು. ಬಾಟಲಿ ಕೊಳ್ಳುವ ಮುಂಬಯಿಯ ಕಂಪನಿಯವರು ಸುರಕ್ಷತೆಯ ತಪಾಸಣೆಗೆ ತಮ್ಮ ಅಧಿಕಾರಿಯನ್ನು ಕಳಿಸುತ್ತಿದ್ದಾರೆ, ಹೆಸರು ಗುರುದೇವಿ. ಶಂಶಾಬಾದಿನ ಹೊಸ ವಿಮಾನ ನಿಲ್ದಾಣ ಶುರುವಾಗಿ ಹೆಚ್ಚು ಕಾಲ ಆಗಿರಲಿಲ್ಲ. ಅಲ್ಲಿಗೆ ಹೋಗುವುದೇ ಒಂದು ಯಾತ್ರೆಯಂತಿದ್ದ ಕಾಲ. ಆಕೆಯನ್ನು ಕರೆತರಲು ಕಾರ್ಖಾನೆಯ ಡ್ರೈವರ್ ಹೊರಟು ನಿಂತಿದ್ದ. “ಬೇಡ, ನಾನೇ ಹೋಗ್ತೀನಿ. ಮೊದಲನೇ ನೋಟಕ್ಕೇ ಅವರಿಗೆ ಸೇಫ್ಟಿ ಅಂದ್ರೇನು ಗೊತ್ತಾಗಬೇಕು,” ಎಂದು ಶಾಂತಪ್ಪನವರು ಹಿಂದಿಯಲ್ಲಿ ಹೇಳಿ ಅವನನ್ನು ಕೂರಿಸಿದರು.

ಗುರುದೇವಿ ನಲವತ್ತು ದಾಟಿದ ಗಟ್ಟಿ ಹೆಂಗಸು. ಹತ್ತಿ ಸೀರೆ, ಕಾಲಿಗೆ ಬೂಟು. ಮುಂದಿನ ಸೀಟಿನಲ್ಲಿ ಕೂತೊಡನೆ ಪ್ಲಾಸ್ಟಿಕ್ಕು ಕಿರುಗುಟ್ಟಿತು.

“ಬೆಲ್ಟ್ ಪ್ಲೀಸ್, ಮೇಡಂ,” ಎಂದರು ಶಾಂತಪ್ಪನವರು.

ಆಕೆ ಬೆಲ್ಟು ಹಾಕಿಯಾಗಿತ್ತು. “ನೀವು ನಮ್ಮ ಕಡಿಯವರಲ್ಲೇನ್ರಿ? ಹೆಸರು ಕೇಳಿದ ಕೂಡ್ಲೇ ಗೊತ್ತಾತು. ನಾ ಸಿಂದಗಿಯಾಕಿ,” ಎಂದು ನಕ್ಕಳು.

“ಯೆಸ್ ಯೆಸ್, ಮದರ್ ಟಂಗ್ ಕನ್ನಡ,” ಎಂದು ಶಾಂತಪ್ಪನವರು ಇಂಗ್ಲಿಷಿನಲ್ಲೇ ಒಪ್ಪಿಕೊಂಡರು. ಮನೆಯ ಹೊಸಿಲು ದಾಟಿದ ಮೇಲೆ ಕನ್ನಡ ಆಡಿದರೆ ಎಲ್ಲಿ ದರ್ಜೆ ಇಳಿದೀತೋ ಎಂಬ ಅಳುಕು ಅವರಿಗೆ ಮೊದಲಿನಿಂದಲೂ ಇತ್ತು.

ದಾರಿಯುದ್ದಕ್ಕೂ ರಸ್ತೆಯ ಕೆಲಸ ನಡೆದಿತ್ತು. ಮೇಲ್ಸೇತುವೆಗೆಂದು ಎತ್ತಿದ ಸಿಮೆಂಟಿನ ಕಂಬಗಳು, ಬದಿಯಲ್ಲಿ ಉಸುಕಿನ ಗುಡ್ಡೆಗಳು, ಬುಟ್ಟಿ ಹೊತ್ತ ಹೆಂಗಸರು. ಶಾಂತಪ್ಪನವರು ಒಂದು ಕೈಯಲ್ಲಿ ಸ್ಟೇರಿಂಗು ಹಿಡಿದು ಇನ್ನೊಂದು ಕೈಯಿಂದ ಹೊರಗಿನ ದೋಷಗಳನ್ನು ಎತ್ತಿ ತೋರಿಸುತ್ತ ಬಂದರು: ಅವನಿಗೆ ಹೆಲ್ಮೆಟ್ ಇಲ್ಲ, ಇವಳ ಕಾಲಲ್ಲಿ ಬೂಟಿಲ್ಲ, ಆ ಲಾರಿಗೆ ಹಿಂದಿನ ದೀಪವಿಲ್ಲ. ಆ ಲಾರಿಯನ್ನು ದಾಟಿ ಹೋಗಲು ಅಕ್ಸಲೇಟರನ್ನು ತಳದ ತನಕ ಒತ್ತಿದರು. ದಾಟಿದ್ದಾಯಿತು. ಕಾಲು ತೆಗೆದರು. ಕಾರು ಮಾತ್ರ ವೇಗ ಇಳಿಸಲಿಲ್ಲ.

ಕೆಂಪು ಮ್ಯಾಟು ಮುಂದೆ ಜಾರಿ, ಅದರ ಅಂಚು ಅಕ್ಸಲೇಟರಿನ ಮೇಲೆ ಏರಿ ಕೂತಿತ್ತು. ಎಂಜಿನ್ನು ಗೂಳಿಯಂತೆ ಅರಚತೊಡಗಿತು. ಶಾಂತಪ್ಪನವರು ಬ್ರೇಕು ಒತ್ತಿದರು. ಬ್ರೇಕು ನಿಲ್ಲು ಅಂದಿತು, ಮ್ಯಾಟು ಓಡು ಅಂದಿತು, ಕಾರು ಮ್ಯಾಟಿನ ಮಾತು ಕೇಳಿತು.

“ಕ್ಲಚ್ ಒತ್ರಿ! ಗೇರ್ ತಗೀರಿ!” ಎಂದು ಗುರುದೇವಿ ಕೂಗಿದಳು.

ಪ್ರತಿ ಸೋಮವಾರ ತುರ್ತು ಸಂದರ್ಭದಲ್ಲಿ ಮಾಡಬೇಕಾದ ಕ್ರಮಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದ ಶಾಂತಪ್ಪನವರಿಗೆ ಆ ಗಳಿಗೆಯಲ್ಲಿ ಎಡಗಾಲು ಯಾವುದು, ಬಲಗಾಲು ಯಾವುದು ತಿಳಿಯಲಿಲ್ಲ. ಗೇರಿಗೆ ಹೋಗಬೇಕಾದ ಕೈ ಹಾರ್ನಿನ ಮೇಲೆ ಹೋಗಿ ಅಲ್ಲೇ ಅಂಟಿಕೊಂಡಿತು. ಎದುರಿಗೆ ಸಿಮೆಂಟಿನ ಕಂಬ ದೊಡ್ಡದಾಗುತ್ತ ಬಂತು. “ಯವ್ವಾ!” ಎಂದು ಶುದ್ಧ ಕನ್ನಡದಲ್ಲಿ ಚೀರಿ ಸ್ಟೇರಿಂಗನ್ನು ಎಡಕ್ಕೆ ಎಳೆದರು. ಕಾರು ರಸ್ತೆ ಬಿಟ್ಟು, ಕಂಬದ ಪಕ್ಕ ರಾಶಿ ಹಾಕಿದ್ದ ಉಸುಕಿನ ಗುಡ್ಡೆಗೆ ಮೂತಿ ಹುಗಿದು ನಿಂತಿತು. ನಿಂತರೂ ಗಾಲಿ ತಿರುಗುತ್ತಲೇ ಇದ್ದು ಉಸುಕನ್ನು ಆಕಾಶಕ್ಕೆ ಎರಚತೊಡಗಿತು. ಗುರುದೇವಿ ಬಗ್ಗಿ ಬೀಗದ ಕೈ ತಿರುಗಿಸಿದ ಮೇಲೆ ಎಲ್ಲ ತಣ್ಣಗಾಯಿತು.

ಇಬ್ಬರಿಗೂ ಒಂದು ಗೀರೂ ಇಲ್ಲ. ಶಾಂತಪ್ಪನವರು ಬಾಗಿಲು ತೆರೆದು ಇಳಿದರು. ಕಾರನ್ನು ಹಿಡಿದು ನಿಂತರು. ಕಂಬ ಒಂದೇ ಮಾರು ದೂರದಲ್ಲಿತ್ತು. ಸಾವಿತ್ರಿಬಾಯಿ ಈಗ ಏನು ಮಾಡುತ್ತಿರಬಹುದು ಎಂದು ಯಾಕೋ ಯೋಚನೆ ಬಂತು. ಅಷ್ಟರಲ್ಲಿ ಜನ ಓಡಿ ಬಂದರು, ಯೋಚನೆ ಹೋಯಿತು.

ಮೊದಲು ಬಂದವಳು ಹಂಪಮ್ಮ, ಲಿಂಗಸುಗೂರು ಕಡೆಯಿಂದ ದುಡಿಯಲು ಬಂದ ಗುಂಪಿನ ಹಿರಿಯಾಳು. ಇಬ್ಬರೂ ನೆಟ್ಟಗಿದ್ದಾರೆ ಎಂದು ಕಂಡದ್ದೇ ಆಕೆಯ ಕಣ್ಣು ಗಾಲಿಯ ಕೆಳಗೆ ಹೋಯಿತು. ಉಸುಕಿನ ನೆರಳಿಗೆ ಸಾಲಾಗಿ ಇಟ್ಟಿದ್ದ ಬುತ್ತಿಗಂಟುಗಳು ಅಲ್ಲಿ ಚಟ್ನಿಯಾಗಿದ್ದವು.

“ಅಯ್ಯಯ್ಯ, ನಮ್ಮ ರೊಟ್ಟಿ ಮ್ಯಾಲ ಗಾಡಿ ಹತ್ತಿಸ್ಯಾನಲ್ಲೇ ಯವ್ವಾ! ಈಗ ಉಣ್ಣಾಕ ಕುಂದರೂ ಹೊತ್ತು. ಸಾಹೇಬಾ, ನಿನಗ ಇಷ್ಟು ಅಗಲ ರಸ್ತಾ ಸಾಲಲಿಲ್ಲೇನು?”

ಬೈಗುಳ ಕೇಳಿದ್ದೇ ಶಾಂತಪ್ಪನವರಿಗೆ ಜೀವ ಬಂತು. ಎದುರಿಗೆ ಕೂಲಿಯವರು, ತಪ್ಪಿತಸ್ಥರು ಸಿಕ್ಕಹಾಗಾಯಿತು. ಬನಿಯನ್ನಿನ ಉಸುಕು ಕೊಡವಿಕೊಂಡು ಬಂದ ಮೇಸ್ತ್ರಿ ಚಂದ್ರಾಮನ ಮೇಲೆ ಹರಿಹಾಯ್ದರು. ಅಪಾಯದ ಜಾಗಕ್ಕೆ ಅಡ್ಡ ಇಡುವ ಕೇಸರಿ ಬಣ್ಣದ ಕೋನು ಅವರಿಗೆ ಬೇಕಿತ್ತು.

“ಕೋನ್ ಕಹಾಂ ಹೈ? ಕೋನ್?”

ಶಹರದ ಹಿಂದಿಯಲ್ಲಿ ‘ಕೋನ್’ ಅಂದರೆ ಯಾರು. ಚಂದ್ರಾಮ ಕೈಮುಗಿದು, “ಮೈ ಚಂದ್ರಾಮ್, ಸಾಬ್,” ಅಂದ.

ಹೆಂಗಸರು ಕಿಸಕ್ಕನೆ ನಕ್ಕರು. ಶಾಂತಪ್ಪನವರ ಮುಖ ಕೆಂಪಗಾಯಿತು. ಕೋನಿಲ್ಲ, ಬೋರ್ಡಿಲ್ಲ, ರಸ್ತೆಯ ಬದಿಗೇ ಉಸುಕು ಸುರಿದಿದ್ದಾರೆ, ಪೊಲೀಸರಿಗೆ ಹೇಳುತ್ತೇನೆ, ಎಲ್ಲರನ್ನೂ ಒಳಗೆ ಹಾಕಿಸುತ್ತೇನೆ ಎಂದು ಇಂಗ್ಲಿಷು, ಹಿಂದಿ, ತೆಲುಗು ಮೂರನ್ನೂ ಕಲಸಿ ಕೂಗಾಡಿದರು. ಚಂದ್ರಾಮ ಬೆದರಿದ. ಮೇಲಿನವರು ಬೈದರೆ ಕೆಳಗಿನವರಿಗೆ ದಾಟಿಸುವುದು ಅವನಿಗೆ ಗೊತ್ತಿದ್ದ ಒಂದೇ ವಿದ್ಯೆ. ಹಂಪಮ್ಮನ ಕಡೆ ತಿರುಗಿದ.

“ಉಸುಕು ಇಲ್ಲಿ ಯಾಕ ಹಾಕಿದ್ರಿ? ನಾಳಿಂದ ನಿಮ್ಮ ಗುಂಪಿಗೆ ಕೆಲಸಿಲ್ಲ, ನಡೀರಿ.”

“ನೀ ಹಾಕು ಅಂದಲ್ಲೇ ಹಾಕೀವಿ. ನಮ್ಮನಿ ಅಂಗಳದಾಗ ಹಾಕ್ಕೋಬೇಕಿತ್ತೇನು?” ಎಂದಳು ಹಂಪಮ್ಮ. ದನಿ ಜೋರಿತ್ತು, ಆದರೆ ಹಿಂದಿನ ಹೆಂಗಸರು ಸಪ್ಪಗಾಗಿದ್ದರು.

ಗುರುದೇವಿ ನಡುವೆ ಬಂದು ಕೇಳಿದಳು: “ಶಾಂತಪ್ಪನವರ, ಕಾರ್ ಯಾಕ ನಿಲ್ಲಲಿಲ್ರಿ?”

“ಬ್ರೇಕ್ ಫೇಲ್ಯೂರ್, ಮೇಡಂ. ಮ್ಯಾನುಫ್ಯಾಕ್ಚರಿಂಗ್ ಡಿಫೆಕ್ಟ್.”

ಆಕೆ ಡ್ರೈವರ್ ಬಾಗಿಲ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು ಒಳಗೆ ನೋಡಿದಳು. ಪೆಡಲಿನ ಮೇಲೆ ಹೆಡೆ ಎತ್ತಿ ಕೂತಿದ್ದ ಮ್ಯಾಟನ್ನು ಹಿಡಿದು ಎಳೆದಳು. ಅದು ಒಂದು ಎಳೆತಕ್ಕೆ ಬಂತು. ಕೊಡವಿ ಬಾನೆಟ್ಟಿನ ಮೇಲೆ ಹಾಸಿದಳು. ಚಂದ್ರಾಮ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದ: “ಸೇ...ಫ್ಟಿ... ಫಸ್ಟ್.”

“ಇದು ಅಕ್ಸಲೇಟರ್ ಮ್ಯಾಲ ಏರಿತ್ತು,” ಎಂದಳು ಗುರುದೇವಿ. “ಉಸುಕು ಇರಲಿಲ್ಲಂದ್ರ ನಾವಿಬ್ರೂ ಈಗ ಆ ಕಂಬದಾಗ ಇರ್ತಿದ್ವಿ. ಚಂದ್ರಾಮಪ್ಪ, ಕೋನ್ ಇಡಬೇಕಿತ್ತು ಅನ್ನೂದು ಖರೆ. ಆದ್ರ ಅದು ನಿನ್ನ ಕೆಲಸ, ಇವರದಲ್ಲ. ಇವರ ಕೆಲಸಾ ತಗದಿ ಅಂದ್ರ ನಿಮ್ಮ ಕಾಂಟ್ರಾಕ್ಟರ್‌ಗೆ ನಾನೇ ಫೋನ್ ಮಾಡ್ತೀನಿ. ಶಾಂತಪ್ಪನವರ, ನೀವೇನಂತೀರಿ?”

ಎಲ್ಲರೂ ಶಾಂತಪ್ಪನವರನ್ನು ನೋಡಿದರು. ಅವರು ಮ್ಯಾಟನ್ನು ನೋಡಿದರು. ಅಂದು ಮೊದಲ ಸಲ ಹೊಸಿಲಿನ ಹೊರಗೆ, ಬೇಕೆಂದೇ ಕನ್ನಡದಲ್ಲಿ ಬಾಯಿಬಿಟ್ಟರು.

“ತಪ್ಪು... ಮ್ಯಾಟಿಂದು.”

“ಹೌದ?” ಎಂದಳು ಹಂಪಮ್ಮ. “ಹಂಗಾರ ಮ್ಯಾಟಿಗೆ ಹೇಳ್ರಿ, ಹೋಗಿ ನಮಗ ಊಟಾ ತರ್ಲಿ.”

ಈ ಸಲ ಗುರುದೇವಿಯೂ ನಕ್ಕಳು. ಮ್ಯಾಟು ಹೋಗುವಂತಿರಲಿಲ್ಲ, ಶಾಂತಪ್ಪನವರೇ ಹೋಗಬೇಕಾಯಿತು. ಕಾರು ಉಸುಕಿನಲ್ಲಿ ಹುಗಿದಿದ್ದರಿಂದ ಸಿಮೆಂಟು ಚೀಲ ಸಾಗಿಸುವ ಟ್ರ್ಯಾಕ್ಟರಿನಲ್ಲಿ, ಬೆಲ್ಟೂ ಇಲ್ಲದೆ ಹೆಲ್ಮೆಟ್ಟೂ ಇಲ್ಲದೆ, ಡ್ರೈವರನ ಪಕ್ಕದ ಮಡ್‌ಗಾರ್ಡ್ ಮೇಲೆ ಕೂತು ಶಂಶಾಬಾದ್ ಊರೊಳಗೆ ಹೋದರು. ಗುಂಡಿ ಬಂದಾಗೆಲ್ಲ ಡ್ರೈವರನ ಹೆಗಲು ಹಿಡಿದುಕೊಂಡರು. ಪುಳಿಯೋಗರೆ, ಮೊಸರನ್ನದ ಪೊಟ್ಟಣಗಳನ್ನು ಮಡಿಲಲ್ಲಿ ಅಪ್ಪಿಕೊಂಡು ತಿರುಗಿ ಬಂದಾಗ, ಗುರುದೇವಿ ಕಂಬದ ನೆರಳಲ್ಲಿ ಹೆಂಗಸರ ನಡುವೆ ಕೂತು, ಉಳಿದ ಒಂದು ಗಂಟಿನ ಸಜ್ಜಿ ರೊಟ್ಟಿಯನ್ನು ಶೇಂಗಾ ಚಟ್ನಿಪುಡಿಯ ಜೊತೆ ತಿನ್ನುತ್ತಿದ್ದಳು.

“ಬರೇ ಅನ್ನಾ ತಂದೀರೇನು? ಇದನ್ನುಂಡು ಸಂಜೀತನ ಬುಟ್ಟಿ ಹೊರಾಕ ಆಗತೈತಾ?” ಎಂದಳು ಹಂಪಮ್ಮ. ಬೈದರೂ ಒಂದು ಪೊಟ್ಟಣ ಅವರ ಕಡೆಗೇ ನೂಕಿದಳು. ಶಾಂತಪ್ಪನವರು ನೆಲದ ಮೇಲೆ ಕೂತು ತಲೆ ತಗ್ಗಿಸಿ ಉಂಡರು. ಕೆಲಸ ಹೋಗಲಿಲ್ಲವೆಂಬ ಸಮಾಧಾನದಲ್ಲಿ ಹೆಂಗಸರು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು, ಶಾಂತಪ್ಪನವರನ್ನು ಯಾರೂ ಏನೂ ಕೇಳಲಿಲ್ಲ. ಅದೇ ಅವರಿಗೆ ಹೆಚ್ಚು ಚುಚ್ಚಿತು.

ಮನೆಯಲ್ಲಿ ಸಾವಿತ್ರಿಬಾಯಿಗೆ ಅವರು ಹೇಳಿದ ಕಥೆಯಲ್ಲಿ ಹಾರ್ನು ಇರಲಿಲ್ಲ, ಯವ್ವಾ ಇರಲಿಲ್ಲ; ಸಮಯಪ್ರಜ್ಞೆಯಿಂದ ಉಸುಕಿನ ಗುಡ್ಡೆಯನ್ನು ಆರಿಸಿಕೊಂಡ ಒಬ್ಬ ಅನುಭವಿ ಇದ್ದ. ಆಕೆ ಪೂರ್ತಿ ಕೇಳಿದಳು. “ಜೀವ ಉಳೀತಲ್ಲ, ಸಾಕು,” ಅಂದವಳು ಕಣ್ಣೊರೆಸಿಕೊಂಡು, ಆಮೇಲೆ, “ಮುಂದಿನ ಸಲ ನಾನೂ ಒಂದು ಮಾತು ಹೇಳಿದ್ರ ಕೇಳ್ರಿ,” ಅಂದಳು. ಗ್ಯಾರೇಜಿನಿಂದ ಕಾರು ಬಂದ ದಿನ ಕೆಂಪು ಮ್ಯಾಟು, ರಬ್ಬರಿನ ಮ್ಯಾಟು ಎರಡನ್ನೂ ಆಕೆಯೇ ಎಳೆದು ಬಾಲ್ಕನಿಯ ಮೂಲೆಗೆ ಹಾಕಿದಳು. ಅವರು ಪತ್ರಿಕೆ ಓದುವವರ ಹಾಗೆ ಮುಖ ಮರೆಮಾಡಿಕೊಂಡರು.

ಗುರುದೇವಿಯ ವರದಿಯಲ್ಲಿ ಕಾರ್ಖಾನೆಗೆ ಒಳ್ಳೆಯ ಮಾತೇ ಇತ್ತು. ಕೊನೆಗೆ ಮಾತ್ರ, ಅಧಿಕಾರಿಗಳು ತಮ್ಮ ವಾಹನಗಳಲ್ಲಿ ಸಡಿಲವಾದ ಮ್ಯಾಟು ಹಾಸಬಾರದು ಎಂಬ ಸಲಹೆ. ಮಾಲೀಕರು ಕೂಡಲೇ ಕ್ರಮ ಕೈಗೊಳ್ಳಲು ಹೇಳಿದರು. ಶಾಂತಪ್ಪನವರು ಕ್ರಮ ಕೈಗೊಂಡರು. ‘ಅಧಿಕಾರಿಗಳು’ ಎಂಬ ಮಾತು ಸಂಕುಚಿತವಾಯಿತೆಂದು ಅವರಿಗೆ ಅನ್ನಿಸಿತು. ಸೋಮವಾರ ಗೇಟಿನಲ್ಲಿ ಸುತ್ತೋಲೆ ಅಂಟಿತ್ತು: ಕಾರ್ಮಿಕರೆಲ್ಲರೂ ತಮ್ಮ ವಾಹನಗಳಿಂದ ಮ್ಯಾಟು ಹಾಗೂ ಇತರ ಹಾಸುಗಳನ್ನು ತಕ್ಷಣ ತೆಗೆಯತಕ್ಕದ್ದು, ತಪ್ಪಿದಲ್ಲಿ ಶಿಸ್ತುಕ್ರಮ.

ಪ್ಯಾಕಿಂಗ್ ವಿಭಾಗದ ಬಂಡೆಪ್ಪ ಸೈಕಲ್ ಇಳಿದು ಅದನ್ನು ಓದಿಸಿ ಕೇಳಿದ. ಗೇಟಿನ ಬಳಿ ನಿಂತಿದ್ದ ಶಾಂತಪ್ಪನವರ ಹತ್ತಿರ ಬಂದು, ತನ್ನ ಸೀಟಿನ ಮೇಲೆ ಸುತ್ತಿದ ಹಳೆಯ ಟವೆಲನ್ನು ತೋರಿಸಿದ.

“ಸಾಹೇಬ್ರ, ಇದೂ ತಗೀಬೇಕೇನ್ರಿ? ತಗದ್ರ ಸ್ಪ್ರಿಂಗ್ ಚುಚ್ಚತೈತ್ರಿ.”

ಶಾಂತಪ್ಪನವರು ಟವೆಲನ್ನು ಮುಟ್ಟಿ ನೋಡಿದರು, ಎಳೆದು ನೋಡಿದರು, ಗಂಟು ಬಿಗಿ ಇದೆಯೇ ಎಂದು ಪರೀಕ್ಷಿಸಿದರು.

“ಸದ್ಯಕ್ಕ ಇರ್ಲಿ,” ಎಂದರು ಗಂಭೀರವಾಗಿ. “ಸೇಫ್ಟಿ ಕಮಿಟಿ ಮುಂದ ಇಡ್ತೀನಿ.”