ಫೋಟೋಕ್ಕೆ ಕೊಟ್ಟ ಚೆಕ್ಕು

ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಜತ್ತದಲ್ಲಿ ಯಾರಾದರೂ ಏನಾದರೂ ಮಾಡಿದರೆ ಮೊದಲು ಅವರ ಮೈಮೇಲೆ ಒಂದು ಶಾಲು ಬೀಳುತ್ತದೆ. ಪೊಲೀಸ್ ಭರತಿ ಆದವನಿಗೆ ಶಾಲು, ಹತ್ತನೆಯದು ಪಾಸಾದವನಿಗೆ ಶಾಲು, ಹೊಸ ಟ್ರ್ಯಾಕ್ಟರ್ ತಂದವನಿಗೂ ಶಾಲು. ಹೊದಿಸುವವನ ಮುಖ ಮಾತ್ರ ಕ್ಯಾಮೆರಾದ ಕಡೆಗೆ ಇರುತ್ತದೆ, ಹೊದಿಸಿಕೊಳ್ಳುವವನ ಕಡೆಗಲ್ಲ. ಇದಕ್ಕೆ ಸತ್ಕಾರ ಎನ್ನುತ್ತಾರೆ. ನನಗೂ ಒಂದು ಸತ್ಕಾರ ಆಯಿತು. ಅದನ್ನು ನೆನೆದರೆ ಈಗಲೂ ವಾಕರಿಕೆ ಬರುತ್ತದೆ.

ನಾನು ಸೃಷ್ಟಿ. ಶೇಗಾಂವದಲ್ಲಿ ನಮ್ಮ ದಾಳಿಂಬೆ ತೋಟ, ಜತ್ತದಲ್ಲಿ ಮನೆ ಮತ್ತು ಅಪ್ಪನ ಗೊಬ್ಬರದ ಅಂಗಡಿ. ದಾಳಿಂಬೆಗೆ ತೇಲ್ಯಾ ಅಂತ ಒಂದು ರೋಗ ಬರುತ್ತದೆ. ಕಾಯಿಯ ಮೇಲೆ ಎಣ್ಣೆ ಚೆಲ್ಲಿದಂಥ ಕಲೆ ಏಳುತ್ತದೆ, ಆಮೇಲೆ ಕಾಯಿ ಸೀಳಿ ಹೋಗುತ್ತದೆ. ಸಣ್ಣವಳಿದ್ದಾಗಿನಿಂದ ಆ ಕಾಯಿಗಳನ್ನು ಕಿತ್ತು ತಿಪ್ಪೆಗೆ ಸುರಿದ ಕೈ ನನ್ನದು. ಕೃಷಿಯಲ್ಲಿ ಎಂ.ಎಸ್ಸಿ. ಮುಗಿಸಿ, ಈ ತೇಲ್ಯಾದ ಮೇಲೆಯೇ ಪಿಎಚ್.ಡಿ. ಮಾಡಬೇಕೆಂದು ಇಂಗ್ಲೆಂಡಿನ ಭಾರಿ ಹೆಸರಿನ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ. ದೀಪಾವಳಿ ಆದ ಮೇಲೆ ಹಾಕಿದ ಅರ್ಜಿ, ಸಂಕ್ರಾಂತಿ ಬಂದು ಹೋದರೂ ಸುದ್ದಿಯಿಲ್ಲ. ಅವರ ವೆಬ್‌ಸೈಟಿನಲ್ಲಿ ನನ್ನ ಹೆಸರಿನ ಮುಂದೆ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಮಾತು. ಹಲ್ಲುಜ್ಜುವ ಮೊದಲು ಅದನ್ನೇ ನೋಡುತ್ತಿದ್ದೆ, ರೊಟ್ಟಿ ತಿನ್ನುತ್ತ ಅದನ್ನೇ ನೋಡುತ್ತಿದ್ದೆ. ನಡುನಡುವೆ ಅವರಿಂದ ಒಂದು ಮೇಲ್ ಬರುತ್ತಿತ್ತು: ‘ನಿಮ್ಮ ತಾಳ್ಮೆಗೆ ಧನ್ಯವಾದಗಳು.’ ನನ್ನ ತಾಳ್ಮೆಯನ್ನು ಇವರಿಗೆ ತೋರಿಸಿದವರು ಯಾರು? ಇಲ್ಲದ್ದಕ್ಕೆ ಧನ್ಯವಾದ ಹೇಳುವ ಜನ! ಥೂ.

ಫೆಬ್ರವರಿಯಲ್ಲಿ ಪತ್ರ ಬಂತು. ಪ್ರವೇಶ ಸಿಕ್ಕಿತ್ತು, ಹಣ ಸಿಕ್ಕಿರಲಿಲ್ಲ. ಫೆಲೋಶಿಪ್ಪಿಗೆ ಕಾಯುವವರ ಸಾಲಿನಲ್ಲಿ ನಾನು ಮೊದಲಿನವಳು. ಸಿಕ್ಕವರಲ್ಲಿ ಯಾರಾದರೂ ಒಲ್ಲೆ ಎಂದರೆ ಅದು ನನಗೆ ಬರುತ್ತದೆ, ಯಾರೂ ಒಲ್ಲೆ ಎನ್ನದಿದ್ದರೆ ನಾನು ಜತ್ತದಲ್ಲೇ. ಹಣವಿಲ್ಲದೆ ಹೋಗುವ ಮಾತೇ ಇಲ್ಲ. ತೋಟ, ಅಂಗಡಿ, ಮನೆ ಮೂರನ್ನೂ ಮಾರಿದರೂ ಅಲ್ಲಿನ ಖರ್ಚಿಗೆ ಸಾಲುವುದಿಲ್ಲ.

ಇದನ್ನೆಲ್ಲ ಅಪ್ಪನಿಗೆ ಬಿಡಿಸಿ ಹೇಳಿದೆ. ಅಪ್ಪ ತಲೆ ಆಡಿಸಿದ. ನನ್ನ ಅಪ್ಪ ಶಿವಪುತ್ರ ತಲೆ ಆಡಿಸುವುದರಲ್ಲಿ ಶಾಣ್ಯಾ. ಆಮೇಲೆ ಪತ್ರದ ಪ್ರಿಂಟು ತೆಗೆದುಕೊಂಡು ನೇರ ತನ್ನ ಅಣ್ಣನ ಮನೆಗೆ ಹೋದ. ‘ಅಣ್ಣಾ, ಸೃಷ್ಟೀದು ಸೆಲೆಕ್ಷನ್ ಆತ್ರಿ.’ ನಮ್ಮ ಕಡೆ ಯಾದಿಯಲ್ಲಿ ಹೆಸರು ಬಂದರೆ ಮುಗಿಯಿತು, ನೌಕರಿ ಸಿಕ್ಕಂತೆ. ಹೆಸರು ಬಂದ ಮೇಲೂ ಕಾಯಬೇಕು, ಇನ್ನೊಬ್ಬಳು ಒಲ್ಲೆ ಎಂದರೆ ನನಗೆ ಸಿಗುತ್ತದೆ ಎಂಬ ಲೆಕ್ಕ ಇಲ್ಲಿ ಯಾರ ತಲೆಗೂ ಇಳಿಯುವುದಿಲ್ಲ.

ಅಪ್ಪನ ಅಣ್ಣ ಅಂದರೆ ಅಪ್ಪಾಸಾಹೇಬ, ನನ್ನ ದೊಡ್ಡಪ್ಪ. ಎದುರಿಗೆ ನಾನೂ ‘ರಿ’ ಹಚ್ಚಿಯೇ ಮಾತಾಡುತ್ತೇನೆ. ಇಲ್ಲಿ ಹಚ್ಚುವುದಿಲ್ಲ, ಅಷ್ಟು ಮರ್ಯಾದೆ ನನ್ನ ಬಳಿ ಉಳಿದಿಲ್ಲ. ಅವನಿಗೆ ಜಿಲ್ಲಾ ಪರಿಷದೆಯ ಚುನಾವಣೆಗೆ ಪಕ್ಷದ ಟಿಕೀಟು ಬೇಕಾಗಿತ್ತು. ಸತ್ತ ನಮ್ಮ ಮುತ್ಯಾ, ಅಂದರೆ ತನ್ನ ಅಪ್ಪ ಮುರಗೆಪ್ಪನ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಮಾಡಿಕೊಂಡಿದ್ದ. ಅದರ ಕೆಲಸ ಇಷ್ಟೇ: ವರ್ಷಕ್ಕೆ ಮೂರು ನಾಲ್ಕು ಸಲ ಯಾರಿಗಾದರೂ ಶಾಲು ಹೊದಿಸಿ, ಫೋಟೋವನ್ನು ಮೊಬೈಲಿನಲ್ಲಿ ಹರಿಬಿಡುವುದು.

ನಾಲ್ಕು ದಿನ ಕಳೆಯುವುದರೊಳಗೆ ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಎದ್ದಿತು. ದೊಡ್ಡಪ್ಪನ ಮುಖ ಬಾಗಿಲಷ್ಟು, ಪಕ್ಷದ ಹನ್ನೊಂದು ಮಂದಿಯ ಮುಖ ತಟ್ಟೆಯಷ್ಟು, ನನ್ನದು ಮೂಲೆಯಲ್ಲಿ ಪಾಸ್‌ಪೋರ್ಟ್ ಸೈಜಿನಲ್ಲಿ. ಕೂಸು ಹುಟ್ಟುವ ಮೊದಲೇ ಕುಲಾವಿ! ನಾನು ಬೇಡವೆಂದು ಜಗಳಾಡಿದೆ. ಅವ್ವ, ‘ಹೋಗವಾ, ಹಿರ್ಯಾರ ಮನಸ ನೋಯಿಸಬಾರದು. ಒಂದ ತಾಸಿನ ಮಾತು’ ಎಂದಳು. ಹೋದೆ.

ಮಂಗಲ ಕಾರ್ಯಾಲಯ ತುಂಬ ಜನ. ಮೂರು ಶಾಲು ಹೊದಿಸಿದರು, ಒಂದರ ಮೇಲೊಂದು, ಆ ಸೆಕೆಯಲ್ಲಿ. ಭಾಷಣ ಮಾಡಿದವರಲ್ಲಿ ಒಬ್ಬರಿಗೂ ನಾನು ಏನು ಕಲಿಯಲು ಹೊರಟಿದ್ದೇನೆಂದು ಗೊತ್ತಿರಲಿಲ್ಲ. ಒಬ್ಬ ನನ್ನನ್ನು ಡಾಕ್ಟರ್ ಮಾಡಿದ, ಒಬ್ಬ ಕಲೆಕ್ಟರ್ ಮಾಡಿದ. ಕೊನೆಗೆ ದೊಡ್ಡಪ್ಪ ಎದ್ದು ನಿಂತ. ಇಬ್ಬರು ಹುಡುಗರು ಒಂದು ಚೆಕ್ಕು ಹೊತ್ತು ತಂದರು. ಫೋಮ್ ಶೀಟಿನ ಮೇಲೆ ಅಂಟಿಸಿದ್ದು, ಮಂಚದಷ್ಟು ಉದ್ದ. ಅದರಲ್ಲಿ ಸೊನ್ನೆಗಳ ಸಾಲೇ ಸಾಲು.

‘ನಮ್ಮ ಮನಿ ಮಗಳ ವಿದೇಶದ ಎಲ್ಲಾ ಖರ್ಚ ನಮ್ಮ ಪ್ರತಿಷ್ಠಾನ ನೋಡ್ಕೋತೈತಿ!’ ಎಂದು ಮೈಕಿನಲ್ಲಿ ಕೂಗಿದ. ಜನ ಚಪ್ಪಾಳೆ ತಟ್ಟಿದರು. ನನ್ನ ಕೈಗೂ ಚೆಕ್ಕಿನ ಒಂದು ಮೂಲೆ ಕೊಟ್ಟು ಫೋಟೋ ತೆಗೆಸಿದರು. ಹುಚ್ಚಿ ನಾನು, ಒಂದು ಗಳಿಗೆ ನಂಬಿಯೂಬಿಟ್ಟೆ.

ಮರುದಿನ ಮುಂಜಾನೆ ದೊಡ್ಡಪ್ಪನ ಮನೆಗೆ ಹೋಗಿ, ‘ದೊಡ್ಡಪ್ಪಾರ, ಆ ಪ್ರತಿಷ್ಠಾನದ ರೊಕ್ಕ ಯಾವಾಗ ಸಿಗತೈತ್ರಿ?’ ಎಂದು ಕೇಳಿದೆ.

ಅವನು ಚಹಾದ ಬಶಿ ಕೆಳಗಿಟ್ಟು ಹೊಟ್ಟೆ ಕುಣಿಸಿ ನಕ್ಕ. ‘ಏ ಹುಚ್ಚಿ! ಅದು ಫೋಟೋಕ್ಕ ಮಾಡಿಸಿದ್ದು. ಫೋಮಿನ ಚೆಕ್ಕ ಯಾವ ಬ್ಯಾಂಕಿನ್ಯಾಗ ನಡೀತೈತಿ? ಅಷ್ಟ ಸಾಲಿ ಕಲ್ತು ಇಷ್ಟ ತಿಳ್ಯಾಂಗಿಲ್ಲೇನ?’

ಬದಿಗೆ ಕುಳಿತಿದ್ದ ದತ್ತಾನೂ ನಕ್ಕ. ದತ್ತಾ ದೊಡ್ಡಪ್ಪನ ಬಾಲ. ಅವನ ಮೊಬೈಲು, ಫೇಸ್‌ಬುಕ್ಕು, ಪತ್ರ ಎಲ್ಲ ನೋಡಿಕೊಳ್ಳುವವ. ಬಾಯಿ ತುಂಬ ತಂಬಾಕು-ಅಡಿಕೆಯ ಮಾವಾ ಇಟ್ಟುಕೊಂಡು ನಕ್ಕರೆ ಹೇಗಿರುತ್ತದೆಂದು ನಾನು ಹೇಳಬೇಕಾಗಿಲ್ಲ. ಎದ್ದು ಬಂದೆ. ಹೋಗಲಿ, ಹಣ ಕೊಡದಿದ್ದರೆ ಬೇಡ, ನನ್ನ ಸಾಲು ನನಗಿದೆ, ಕಾಯೋಣ ಎಂದುಕೊಂಡೆ. ಮತ್ತೆ ಆ ವೆಬ್‌ಸೈಟು, ಈಗ ಫೆಲೋಶಿಪ್ಪಿನ ಮುಂದೆ ಅದೇ ಒಂದು ಮಾತು.

ಯುಗಾದಿಯ ಹಿಂದಿನ ವಾರ ನನ್ನ ಗೈಡ್ ಆಗಬೇಕಿದ್ದ ಪ್ರೊಫೆಸರ್ ಮೇಡಂ ಮೇಲ್ ಕಳಿಸಿದರು. ‘ನಿಮ್ಮ ಪ್ರತಿಷ್ಠಾನವು ಪೂರ್ತಿ ಖರ್ಚು ವಹಿಸಿಕೊಂಡ ಸುದ್ದಿ ತಿಳಿದು ಬಹಳ ಸಂತೋಷವಾಯಿತು. ಹೀಗಾಗಿ ಸಮಿತಿಯು ನಿಮ್ಮ ಹೆಸರನ್ನು ಫೆಲೋಶಿಪ್ಪಿಗೆ ಕಾಯುವವರ ಪಟ್ಟಿಯಿಂದ ತೆಗೆದಿದೆ.’

ಇದ್ಯಾವ ಸುದ್ದಿ ಎಂದು ಮೇಲನ್ನು ಕೊನೆಯವರೆಗೂ ಓದಿದೆ. ಕೆಳಗೆ ದತ್ತಾ ಅವರಿಗೆ ಬರೆದಿದ್ದ ಪತ್ರವೂ ಇತ್ತು. ಅಪ್ಪ ಕೊಟ್ಟ ಪ್ರಿಂಟಿನಲ್ಲಿ ಮೇಡಂ ವಿಳಾಸ ನೋಡಿ, ದೊಡ್ಡಪ್ಪ ಹೇಳಿದ ಹಾಗೆ ಮುರುಕು ಇಂಗ್ಲಿಷಿನಲ್ಲಿ ಬರೆದಿದ್ದ: ‘ನಮ್ಮ ಸುಕನ್ಯೆಯ ಸಕಲ ವೆಚ್ಚ ನಮ್ಮ ಪ್ರತಿಷ್ಠಾನದ್ದು. ತಾವು ಹಣದ ಚಿಂತೆ ಮಾಡತಕ್ಕದ್ದಲ್ಲ.’ ಜೊತೆಗೆ ಚೆಕ್ಕಿನ ಫೋಟೋ. ಚೆಕ್ಕಿನ ಮೂಲೆ ಹಿಡಿದು ನಗುತ್ತಿರುವವಳು ನಾನೇ. ಇಂಗ್ಲೆಂಡಿನವರೂ ತನಗೆ ಒಂದು ಶಹಬ್ಬಾಸ್ ಅನ್ನಲಿ ಎಂದು ದೊಡ್ಡಪ್ಪನ ಆಸೆ. ಆ ಶಹಬ್ಬಾಸಿಗೆ ನನ್ನ ಜಾಗ ಹೋಯಿತು.

ತಕ್ಷಣ ಬರೆದೆ, ಇದು ಸುಳ್ಳು, ನನ್ನ ಬಳಿ ಒಂದು ಪೈಸೆಯೂ ಇಲ್ಲ ಎಂದು. ಮೇಡಂ ಉತ್ತರ ಬೇಗನೆ ಬಂತು. ನೀವು ಹೇಳಿದರೆ ಸಾಲದು, ಪ್ರತಿಷ್ಠಾನದ ಅಧ್ಯಕ್ಷರು ಸಹಿ ಮಾಡಿದ ಪತ್ರ ಬೇಕು. ಶುಕ್ರವಾರದೊಳಗೆ ಬಂದರೆ ಹೆಸರನ್ನು ಮತ್ತೆ ಸೇರಿಸಲು ಸಮಿತಿಯನ್ನು ಕೇಳುತ್ತೇನೆ. ಆಮೇಲೆ ಆಗುವುದಿಲ್ಲ.

ಅಪ್ಪನನ್ನು ಎಳೆದುಕೊಂಡು ದೊಡ್ಡಪ್ಪನ ಮನೆಗೆ ಹೋದೆ. ಪಡಸಾಲೆಯಲ್ಲಿ ದೊಡ್ಡಪ್ಪ, ದತ್ತಾ ಇಬ್ಬರೂ ಇದ್ದರು. ಒಂದು ಬದಿಗೆ ನಮ್ಮ ಆಯಿ ಶಿವಲಿಂಗವ್ವ, ಅಂದರೆ ಈ ಅಣ್ಣತಮ್ಮಂದಿರ ತಾಯಿ, ಶೇಂಗಾ ಸುಲಿಯುತ್ತ ಕುಳಿತಿದ್ದಳು. ನಾನು ಎಲ್ಲ ಹೇಳಿ, ಚೆಕ್ಕು ಬರೇ ಫೋಟೋಕ್ಕೆ ಇತ್ತು, ಹಣ ಕೊಟ್ಟಿಲ್ಲ ಎಂದು ಬರೆದುಕೊಡಿ ಎಂದೆ.

‘ಹುಚ್ಚ ಹಿಡದೈತೇನ ನಿನಗ?’ ದೊಡ್ಡಪ್ಪ ಗುಡುಗಿದ. ‘ನಾ ಸುಳ್ಳ ಹೇಳೀನಿ ಅಂತ ನಾನs ಬರದು ಕೊಡ್ಲಿ? ಆ ಕಾಗದ ಎದುರು ಪಾರ್ಟಿಯವರ ಕೈಗಿ ಸಿಕ್ತಂದ್ರ? ಟಿಕೀಟ ಈ ವಾರದಾಗ ಐತಿ!’

‘ಇಂಗ್ಲಂಡಿಗಿ ಹೋಗೂ ಕಾಗದ ಎದುರು ಪಾರ್ಟಿಯವರಿಗಿ ಹ್ಯಾಂಗ ಸಿಗತೈತ್ರಿ?’

‘ನಿನಗ ರಾಜಕಾರಣ ತಿಳ್ಯಾಂಗಿಲ್ಲ, ಸುಮ್ಮ ಕುಂದ್ರು. ಮುಂದಿನ ವರ್ಷ ಮತ್ತ ಅರ್ಜಿ ಹಾಕು. ಇನ್ನಾ ದೊಡ್ಡ ಸತ್ಕಾರ ಮಾಡೂಣು.’

ನನಗೆ ಮೈಯೆಲ್ಲ ಉರಿಯಿತು. ‘ಸುಡಗಾಡಕ್ಕ ಹಾಕ್ರಿ ನಿಮ್ಮ ಸತ್ಕಾರ!’ ಎಂದೆ. ‘ಯಾರದೋ ದುಡ್ಡು, ಯಲ್ಲಮ್ಮನ ಜಾತ್ರಿ ಅಂತಾರ. ನೀವು ದುಡ್ಡs ಇಲ್ದ ಜಾತ್ರಿ ಮಾಡಿದ್ರಿ, ನನ್ನ ತಲಿ ಮ್ಯಾಲ!’

‘ಸೃಷ್ಟಿ!’ ಅಪ್ಪ ಈಗ ಬಾಯಿ ಬಿಟ್ಟ. ‘ಅಣ್ಣಾರ ಮುಂದ ಹಂಗ ಮಾತಾಡಬಾರದು. ತಪ್ಪಾತು ಅನ್ನು.’

ಅಪ್ಪನ ಮುಖ ನೋಡಿದೆ. ಅಣ್ಣನ ಮುಂದೆ ಕೈಕಟ್ಟಿ ನಿಂತು ನಿಂತು ಅವನ ಬೆನ್ನೇ ಬಾಗಿಹೋಗಿದೆ. ಮಗಳ ಜನ್ಮ ಹಾಳಾಗುವಾಗಲೂ ಇವನಿಗೆ ಚಿಂತೆ ಅಣ್ಣನ ಸಿಟ್ಟಿನದು. ಆ ಗಳಿಗೆಗೆ ಅಪ್ಪನ ಮೇಲೂ ಹೇಸಿಗೆ ಬಂತು ನನಗೆ, ಹೇಳಲು ನಾಚಿಕೆಯಿಲ್ಲ.

‘ತಪ್ಪ ಅನ್ನಾಂಗಿಲ್ಲ’ ಎಂದೆ. ‘ಅಧ್ಯಕ್ಷರ ಸಹಿ ಬೇಕು. ಅಷ್ಟs.’

ಆಗ ದತ್ತಾ ಮಾವಾ ಉಗುಳಿ ಬಂದು, ‘ಹಂಗ ನೋಡಿದ್ರ ಅಧ್ಯಕ್ಷರು ಸಾಹೇಬ್ರು ಅಲ್ಲೇ ಅಲ್ಲರಿ’ ಎಂದ. ‘ನೋಂದಣಿ ಮಾಡಿಸೂ ಮುಂದ ಆಯಿ ಹೆಸರ ಹಾಕೀವಿ.’

ನನಗೆ ಇದು ಗೊತ್ತೇ ಇರಲಿಲ್ಲ. ಆಯಿಗೂ ಗೊತ್ತಿರಲಿಲ್ಲವೇನೋ, ಶೇಂಗಾ ಸುಲಿಯುವ ಕೈ ನಿಂತಿತು. ನಾಳೆ ಏನಾದರೂ ಭಾನಗಡಿ ಆದರೆ ತನ್ನ ಕೊರಳಿಗೆ ಬರಬಾರದೆಂದು ದೊಡ್ಡಪ್ಪ ಕಾಗದದ ಮೇಲೆ ತಾಯಿಯನ್ನು ಕೂರಿಸಿದ್ದ. ಸಹಿ ಮಾಡು ಎಂದಲ್ಲಿ ಅವಳು ಮಾಡಿದ್ದಳು. ನಮ್ಮ ಕಡೆ ಇದೇನು ಹೊಸದಲ್ಲ. ಸರಪಂಚಳೂ ಹೆಂಗಸೇ, ಸೊಸೈಟಿಯ ಚೇರಮನ್‌ಳೂ ಹೆಂಗಸೇ, ಖುರ್ಚಿಯಲ್ಲಿ ಕೂರುವವನು ಮಾತ್ರ ಗಂಡಸು.

ನಾನು ಆಯಿಯ ಮುಂದೆ ಹೋಗಿ ಕುಳಿತೆ. ‘ಆಯಿ, ನೀ ಸಹಿ ಮಾಡು. ನಿನ್ನ ಮಗಾ ಸುಳ್ಳ ಹೇಳ್ಯಾನ ಅಂತ ನಾ ಬರೀತೀನಿ.’

‘ಅವ್ವಾ, ಮುಟ್ಟಬ್ಯಾಡ ಆ ಕಾಗದಾ!’ ದೊಡ್ಡಪ್ಪ ಎದ್ದು ನಿಂತ. ‘ನನ್ನ ಮಾನಾ ಹೋಗತೈತಿ!’

ಆಯಿ ಮಗನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಉಡಿಯಲ್ಲಿದ್ದ ಸಿಪ್ಪೆ ಝಾಡಿಸಿದಳು.

‘ಈ ಹುಡುಗಿ ಸಾಲೀ ರೊಕ್ಕ ಇದರ ಮ್ಯಾಲ ನಿಂತೈತೇನ?’

‘ಹೂಂ ಆಯಿ. ಇದರ ಮ್ಯಾಲs.’

‘ಹಂಗಾರ ಅವನ ಹೆಸರ ಬ್ಯಾಡ. ಹೆಸರ ನಂದ ಐತಲ್ಲ, ಸುಳ್ಳೂ ನಂದs ಆಗ್ಲಿ. ಬರೀ: ಮೊಮ್ಮಗಳ ಮ್ಯಾಲಿನ ಮಾಯಾಕ್ಕ ರೊಕ್ಕಾ ಕೊಡ್ತೀನಿ ಅಂತ ಮುದುಕಿ ನಾನs ಸುಳ್ಳ ಹೇಳೀನಿ, ನನ್ನ ಕಡಿ ರೊಕ್ಕಿಲ್ಲ, ತಪ್ಪಾಗೈತಿ ಅಂತ.’

ದೊಡ್ಡಪ್ಪ ಬೇಡ ಎನ್ನುತ್ತಾನೆ ಎಂದು ಕಾದೆ. ಎಂಬತ್ತು ದಾಟಿದ ತಾಯಿ, ಒಂದು ದಿನ ಸುಳ್ಳಾಡಿದವಳಲ್ಲ, ಮಗನ ಸುಳ್ಳನ್ನು ಉಡಿಗೆ ಕಟ್ಟಿಕೊಳ್ಳುತ್ತಿದ್ದಾಳೆ. ಬಾಯಿ ತೆರೆದು ಒಂದು ಮಾತು ಅನ್ನುತ್ತಾನೆ, ಬೇಡವ್ವಾ ಅನ್ನುತ್ತಾನೆ ಎಂದು ಕಾದೆ.

‘ಹಾಂ, ಹಂಗ ಬರದ್ರ ಅಡ್ಡಿಯಿಲ್ಲ’ ಎಂದ. ಖುರ್ಚಿಯಲ್ಲಿ ಹಿಂದಕ್ಕೆ ಒರಗಿದ. ‘ಏ, ಯಾರರೆ ಚಾ ಮಾಡ್ರಿ’ ಎಂದು ಒಳಗೆ ಕೂಗಿದ.

ವಿಶ್ವವಿದ್ಯಾಲಯಕ್ಕಾಗಿ ಕಾದದ್ದು ಏನೂ ಅಲ್ಲ. ಆ ಒಂದು ಮಾತಿಗೆ ಕಾದದ್ದು ನನ್ನನ್ನು ಸುಟ್ಟಿತು.

ಬೇಡವೆಂದು ಎದ್ದು ಬರಬಹುದಿತ್ತು. ಬರಲಿಲ್ಲ. ನಾನೇ ಇಂಗ್ಲಿಷಿನಲ್ಲಿ ಬರೆದೆ, ಆಯಿ ಹೇಳಿದ ಹಾಗೆ. ಅವಳು ಪೆನ್ನನ್ನು ಬಿಗಿಹಿಡಿದು, ಒಂದೊಂದೇ ಅಕ್ಷರ ಕೂಡಿಸಿ, ಹೆಸರು ಬರೆದಳು. ಅಪ್ಪ ಗೋಡೆ ನೋಡುತ್ತ ನಿಂತಿದ್ದ. ಬಂದ ಚಹಾ ಎಲ್ಲರೂ ಕುಡಿದರು, ನಾನು ಕುಡಿಯಲಿಲ್ಲ.

ಮೇಡಂ ಉತ್ತರ ಬಂತು. ಹೆಸರನ್ನು ಮತ್ತೆ ಸೇರಿಸಿದ್ದಾರೆ. ಕೊನೆಯಲ್ಲಿ ಸಮಿತಿಯ ಎರಡು ಸಾಲು ಇದ್ದವು: ‘ಸದರಿ ಅಧ್ಯಕ್ಷೆಯು ಸುಳ್ಳು ಮಾಹಿತಿ ನೀಡಿದ್ದನ್ನು ಕಡತದಲ್ಲಿ ದಾಖಲಿಸಲಾಗಿದೆ. ಇನ್ನು ಮುಂದೆ ಈ ವ್ಯಕ್ತಿಯ ಯಾವ ಪತ್ರವನ್ನೂ ವಿಶ್ವವಿದ್ಯಾಲಯ ನಂಬುವುದಿಲ್ಲ.’

ಏಪ್ರಿಲ್ ಮುಗಿಯುವ ಹೊತ್ತಿಗೆ ಯಾರೋ ಪುಣ್ಯವಂತರು ಫೆಲೋಶಿಪ್ ಒಲ್ಲೆ ಎಂದರು. ಅದು ನನಗೆ ಸಿಕ್ಕಿತು, ಪೂರ್ತಿ, ನಾಲ್ಕೂ ವರ್ಷದ್ದು. ಅವ್ವ ಅತ್ತಳು, ಅಪ್ಪ ಅಂಗಡಿ ಮುಚ್ಚಿ ಬಂದ. ಟಿಕೀಟು ಗಿಟ್ಟಿಸಿಕೊಂಡಿದ್ದ ದೊಡ್ಡಪ್ಪ ಪೇಢೆಯ ಡಬ್ಬಿ ಹಿಡಿದು, ಆಯಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ನಮ್ಮ ಮನೆಗೆ ಬಂದ. ‘ನಾ ಹೇಳಿದ್ದಿಲ್ಲೇನ? ಎಲ್ಲಾ ಚಲೋ ಆಗತೈತಿ ಅಂತ!’ ಎಂದು ಎಲ್ಲರಿಗಿಂತ ಮೊದಲು ತಾನೇ ಒಂದು ಪೇಢೆ ಬಾಯಿಗೆ ಹಾಕಿಕೊಂಡ.

ಆಯಿ ನನ್ನ ಬದಿಗೆ ಬಂದು ಕುಳಿತಳು. ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಮೆಲ್ಲಗೆ ಕೇಳಿದಳು.

‘ಏನವಾ, ಆ ಇಂಗ್ಲಂಡಿನ ಬಾಯಾರು ನನಗ ಏನರೆ ಅಂದ್ರೇನ? ಸುಳ್ಳಬುರಕಿ ಮುದುಕಿ ಅಂತ ಸಿಟ್ಟಿಗೆದ್ದಾರೇನ?’

‘ಇಲ್ಲ ಆಯಿ’ ಎಂದೆ. ‘ನಿನ್ನ ಅಕ್ಷರ ಭಾಳ ಚಂದ ಅದಾವ ಅಂದಾರ.’

ಆಯಿ ನಂಬಿದಳು. ಸೆರಗನ್ನು ಬಾಯಿಗೆ ಹಿಡಿದು, ಸಣ್ಣ ಹುಡುಗಿಯ ಹಾಗೆ ನಾಚಿ ನಕ್ಕಳು. ದೊಡ್ಡಪ್ಪನೂ ನಕ್ಕ, ಅವಳಿಗಿಂತ ಜೋರಾಗಿ.